ತಾಂತ್ರಿಕ ಕಾರಣ

ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ಎಂದು ನಾನು ಯಾರಿಗೆಲ್ಲ ಹೇಳಿದ್ದೇನೆ ಎಂದು ಕೇಳಬೇಡಿ. ಯಾರಿಗೆ ಹೇಳಿಲ್ಲ ಎಂದು ಕೇಳಿದರೆ ಪಟ್ಟಿ ಬೇಗ ಮುಗಿಯುತ್ತದೆ. ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಒಂದೇ ಮಾತು. ಆ ಮೂವತ್ತೊಂದು ವರ್ಷವೂ ನಾನು ಗುಂಡಿಗೆ ಇಳಿದು ಲ್ಯಾಂಡ್‌ಲೈನ್ ಕೇಬಲ್‌ಗಳಿಗೆ ಜಾಯಿಂಟ್ ಹಾಕುತ್ತಿದ್ದೆ. ಗಾಳಿಯಲ್ಲಿ ಬರುವ ಸಿಗ್ನಲ್‌ಗೂ ನನಗೂ ದೂರದ ನೆಂಟಸ್ತಿಕೆಯೂ ಇಲ್ಲ.

ನಿವೃತ್ತನಾದ ಮೇಲೆ ಒಂದು ಹಳೆಯ ಕ್ಯಾಂಪರ್ ವ್ಯಾನು ಕೊಂಡೆವು. ಮಡಚುವ ಮಂಚ, ಎರಡು ಉರಿಯ ಒಲೆ, ನಿಂತರೆ ಮೊಣಕೈ ಗೋಡೆಗೆ ಬಡಿಯುವ ಬಚ್ಚಲು, ಎಲ್ಲ ಒಳಗೇ ಇದೆ. ನನ್ನ ಹೆಂಡತಿ ಅದನ್ನು ಡಬ್ಬಿ ಎನ್ನುತ್ತಾಳೆ, ಆದರೆ ಪರದೆಗಳನ್ನು ಅವಳೇ ಕೂತು ಹೊಲಿದಳು. ಹೊರಡುವ ಮೊದಲು ಅವಳ ತಮ್ಮ ನನ್ನನ್ನು ಕೆಣಕಿದ. "ಭಾವ, ಆ ಡಬ್ಬಿಯಲ್ಲಿ ಇಂಟರ್‌ನೆಟ್ ಎಲ್ಲಿ ಸಿಗುತ್ತೆ? ಮರದ ಮೇಲೆ ಹತ್ತಿ ಫೋನ್ ಮಾಡ್ತೀರಾ?" ಎಂದ. ಅವನ ನಗು ನನ್ನ ಕಿವಿಯಲ್ಲೇ ಕೂತುಬಿಟ್ಟಿತು. ಮಾರನೇ ದಿನವೇ ಅಂಗಡಿಗೆ ಹೋಗಿ ಸಿಗ್ನಲ್ ಬೂಸ್ಟರ್ ತಂದೆ. ವ್ಯಾನಿನ ಮೇಲೆ ಒಂದು ಆಂಟೆನಾ, ಒಳಗೆ ಒಂದು ಆಂಟೆನಾ, ನಡುವೆ ಗುಂಡಿ ತಿರುಗಿಸುವ ಒಂದು ಪೆಟ್ಟಿಗೆ. ಹೊರಗೆ ಬಡವಾಗಿ ಸಿಗುವ ಸಿಗ್ನಲನ್ನು ಹಿಡಿದು ಒಳಗೆ ದಷ್ಟಪುಷ್ಟ ಮಾಡಿ ಕೊಡುತ್ತದಂತೆ. ಜೊತೆಗಿದ್ದ ಪುಸ್ತಕವನ್ನು ಬಿಚ್ಚದೆ ಸ್ಪೂನಿನ ಡ್ರಾಯರಿಗೆ ಹಾಕಿದೆ. ಪುಸ್ತಕ ನೋಡಿ ಕೆಲಸ ಕಲಿಯುವ ವಯಸ್ಸೇ ನನ್ನದು?

ನಾವು ಇಳಿದುಕೊಂಡದ್ದು ಒಂದು ಕೆರೆಯ ಪಕ್ಕದ ಕ್ಯಾಂಪು. ಇಪ್ಪತ್ತು ಗಾಡಿ ನಿಲ್ಲುವಷ್ಟು ಜಾಗ, ನಡುವೆ ನೀರಿನ ನಲ್ಲಿ, ಗೇಟಿನ ಹತ್ತಿರ ಮ್ಯಾನೇಜರನ ಕೋಣೆ. ಗೇಟಿನಲ್ಲಿ ಒಂದು ಬೋರ್ಡು ಇತ್ತು: ಬೂಸ್ಟರ್ ಹಾಕುವವರು ಮೊದಲು ಕಚೇರಿಗೆ ತಿಳಿಸಬೇಕು. ಅದನ್ನು ಓದಿ ನಾನು ಹೆಂಡತಿಗೆ ಕೇಳುವ ಹಾಗೆ ನಕ್ಕೆ. "ನಾನು ಇವರಿಗೆ ತಿಳಿಸಬೇಕಂತೆ!"

ನಮ್ಮ ಪಕ್ಕದಲ್ಲಿ ನಿಂತಿದ್ದ, ಕಾರಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಟ್ರೇಲರಿನಲ್ಲಿ ಒಬ್ಬಳೇ ಹುಡುಗಿ ಇದ್ದಳು. ಹುಡುಗಿ ಎಂದರೆ ಮೂವತ್ತರ ಮೇಲಿನವಳು. ನಮ್ಮ ಹಾಗೆ ತಿರುಗಾಟಕ್ಕೆ ಬಂದವಳಲ್ಲ. ಬಾಡಿಗೆ ಮನೆ ಬಿಟ್ಟ ಮೇಲೆ ಟ್ರೇಲರೇ ಅವಳ ಮನೆ. ಅವಳದು ಸನ್ನೆ ಭಾಷೆಯ ದುಭಾಷಿ ಕೆಲಸ. ಆಸ್ಪತ್ರೆಗೆ ಕಿವಿ ಕೇಳದವರು ಬಂದರೆ ಡಾಕ್ಟರ ಮಾತನ್ನು ಇವಳು ಇಲ್ಲಿಂದಲೇ ಲ್ಯಾಪ್‌ಟಾಪಿನ ಪರದೆಯ ಮೇಲೆ ಕೈಯಲ್ಲಿ ಆಡಿ ತೋರಿಸಬೇಕು. ಅವರು ಕೈಯಲ್ಲಿ ಹೇಳಿದ್ದನ್ನು ಡಾಕ್ಟರಿಗೆ ಬಾಯಲ್ಲಿ ಹೇಳಬೇಕು. ಮೊದಲ ಸಂಜೆಯೇ ಚಹಾ ಕುಡಿಯುತ್ತ ನನ್ನ ಹೆಂಡತಿಗೆ ಇದನ್ನೆಲ್ಲ ಹೇಳಿದಳು.

"ನಾಳೆ ಹನ್ನೊಂದಕ್ಕೆ ನನ್ನ ಟ್ರಯಲ್ ಆಂಟಿ. ಅದು ಚೆನ್ನಾಗಾದ್ರೆ ಕೆಲಸ ಖಾಯಂ. ಇಲ್ಲಿ ನೆಟ್‌ವರ್ಕ್ ಜೋರಾಗೇನಿಲ್ಲ, ಆದ್ರೆ ಯಾವತ್ತೂ ಕೈ ಕೊಟ್ಟಿಲ್ಲ."

"ಏನೂ ಚಿಂತೆ ಮಾಡ್ಬೇಡಮ್ಮ. ತೊಂದರೆ ಆದ್ರೆ ನಾನಿದೀನಿ," ಎಂದೆ ನಾನು. ಮೂವತ್ತೊಂದು ವರ್ಷದ ಕಥೆಯನ್ನೂ ಹೇಳಿದೆ.

ಬೆಳಿಗ್ಗೆ ಏಣಿ ಹಾಕಿ ಆಂಟೆನಾ ಕೂರಿಸಿದೆ. ಒಳಗಿನ ಆಂಟೆನಾವನ್ನು ಸರಿಯಾಗಿ ಅದರ ಕೆಳಗೇ, ಚಾವಣಿಗೆ ಅಂಟಿಸಿದೆ. ವೈರು ಉದ್ದ ಹೋಗದೆ ಎಷ್ಟು ಅಚ್ಚುಕಟ್ಟಾಯಿತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಹನ್ನೊಂದರ ಹೊತ್ತಿಗೆ ಭಾವಮೈದುನನಿಗೆ ವಿಡಿಯೋ ಕಾಲ್ ಹಚ್ಚಿದೆ. ಅವನ ಮುಖ ಚೂರುಚೂರಾಗಿ ಬಂತು. ಕೆರೆ ತೋರಿಸಬೇಕು, ಅವನ ಬಾಯಿ ಮುಚ್ಚಿಸಬೇಕು. ಪೆಟ್ಟಿಗೆಯ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಫೋನಿನಲ್ಲಿ ಸಿಗ್ನಲಿನ ಗೆರೆಗಳೆಲ್ಲ ತುಂಬಿದವು. ಆದರೆ ಕಾಲ್ ಕಡಿದುಹೋಯಿತು. ಮತ್ತೆ ಮಾಡಿದರೆ ಹೋಗಲೇ ಇಲ್ಲ.

"ರೀ, ಆ ಪೆಟ್ಟಿಗೆಯಲ್ಲಿ ಹಸಿರು ದೀಪ ಹೋಗಿ ಕೆಂಪು ಬಂದಿದೆ," ಎಂದಳು ಹೆಂಡತಿ.

"ಗೆರೆ ಪೂರ್ತಿ ಇದೆ ನೋಡು. ನಮ್ಮ ಕಡೆ ಎಲ್ಲ ಸರಿ ಇದೆ. ಇದು ಟವರಿನ ತೊಂದರೆ. ನಿನಗೆ ಗೊತ್ತಾಗಲ್ಲ, ಸುಮ್ನಿರು."

ಅವಳು ಸುಮ್ಮನಾದಳು. ನಲವತ್ತು ವರ್ಷದಲ್ಲಿ ಈ ಮಾತಿಗೆ ಸುಮ್ಮನಾಗುವುದನ್ನು ಅವಳಿಗೆ ನಾನೇ ಅಭ್ಯಾಸ ಮಾಡಿಸಿದ್ದೇನೆ.

ಹೊರಗೆ ಬಂದರೆ ನಲ್ಲಿಯ ಹತ್ತಿರ ಜನ ಸೇರಿದ್ದರು. ಯಾರ ಫೋನೂ ಕೆಲಸ ಮಾಡುತ್ತಿರಲಿಲ್ಲ. ಪಕ್ಕದ ಹುಡುಗಿ ಬರಿಗಾಲಲ್ಲಿ ಲ್ಯಾಪ್‌ಟಾಪ್ ಎತ್ತಿ ಹಿಡಿದುಕೊಂಡು ಗೇಟಿನ ತನಕ ಓಡಿ, ವಾಪಸ್ ಓಡಿ ಬಂದಳು. ಟ್ರಯಲ್ ಶುರುವಾಗಿ ಹತ್ತೇ ನಿಮಿಷಕ್ಕೆ ನಿಂತುಹೋಗಿತ್ತು. ನನ್ನ ರಕ್ತ ಕುದಿಯಿತು. ಮ್ಯಾನೇಜರನನ್ನು ಕೂಗಿ ಕರೆದೆ. ಅವನು ಬೀಗದ ಕೈ ಗೊಂಚಲು ಹಿಡಿದು ಬಂದ. ಬಡಕಲು ಮನುಷ್ಯ, ದನಿ ಎತ್ತರಿಸಿದವನೇ ಅಲ್ಲ.

"ಏನ್ರೀ, ದುಡ್ಡು ಇಸ್ಕೊಳ್ಳೋಕೆ ಮಾತ್ರ ಬರುತ್ತಾ ನಿಮಗೆ? ಈ ಹುಡುಗಿ ಕೆಲಸ ಹೋದ್ರೆ ಯಾರ್ರೀ ಹೊಣೆ?"

"ಸರ್, ಹಿಂದೆ ಒಂದ್ಸಲ ಹೀಗೇ ಆಗಿತ್ತು. ನಿಮ್ಮ ವ್ಯಾನಿಗೆ ಏನಾದ್ರೂ..."

"ನನ್ನ ವ್ಯಾನಿನ ವಿಷಯ ಬಿಡಿ! ನಾನು ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರ್ವೀಸ್ ಮಾಡಿದವನು. ನನಗೇ ಪಾಠ ಹೇಳೋಕೆ ಬರ್ತೀರಾ?"

ಜನ ಹೌದು ಹೌದು ಎಂದರು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ಮ್ಯಾನೇಜರ್ ಕೀ ಗೊಂಚಲನ್ನೇ ನೋಡುತ್ತ ನಿಂತಿದ್ದ. ನಾನು ಗೆದ್ದವನ ಹಾಗೆ ವ್ಯಾನಿಗೆ ಮರಳಿದೆ.

ಹೆಂಡತಿ ಮೇಜಿನ ಮೇಲೆ ಆ ಪುಸ್ತಕವನ್ನು ಬಿಚ್ಚಿಟ್ಟಿದ್ದಳು. ಒಂದು ಪುಟದ ಮೇಲೆ ಚಮಚ ಇಟ್ಟು ಗುರುತು ಮಾಡಿದ್ದಳು. ಅಲ್ಲಿ ದಪ್ಪ ಅಕ್ಷರದಲ್ಲಿತ್ತು: ಕೆಂಪು ದೀಪ ಬಂದರೆ ಕೂಡಲೇ ಆಫ್ ಮಾಡಿ. ಎರಡು ಆಂಟೆನಾಗಳನ್ನು ಹತ್ತಿರ ಇಡಬೇಡಿ. ಇಟ್ಟರೆ ಒಂದರ ಸಿಗ್ನಲನ್ನು ಇನ್ನೊಂದು ಹಿಡಿದು, ಸುತ್ತಮುತ್ತಲಿನ ಎಲ್ಲರ ನೆಟ್‌ವರ್ಕ್ ಕೆಡುತ್ತದೆ. ಮೈಕನ್ನು ಸ್ಪೀಕರಿನ ಮುಂದೆ ಹಿಡಿದಾಗ ಕುಂಯ್ ಎಂದು ಕಿರುಚುತ್ತದಲ್ಲ, ಅದೇ. ನನ್ನ ಪೆಟ್ಟಿಗೆ ಟವರಿನ ಕಿವಿಯಲ್ಲಿ ಅಷ್ಟು ಹೊತ್ತೂ ಕಿರುಚುತ್ತಿತ್ತು. ಬೇರೆ ಯಾರ ದನಿಯೂ ಅದಕ್ಕೆ ಕೇಳಿರಲಿಲ್ಲ.

ಪ್ಲಗ್ ಕಿತ್ತೆ. ಅರ್ಧ ನಿಮಿಷವೂ ಆಗಿರಲಿಲ್ಲ, ಕ್ಯಾಂಪಿನ ತುಂಬ ಫೋನುಗಳು ಟಿಣ್ ಟಿಣ್ ಎನ್ನತೊಡಗಿದವು. ಬಾಗಿಲು ಬಡಿದ ಸದ್ದಾಯಿತು. ಹೊರಗೆ ನಾಲ್ಕೈದು ಜನ ಹಲ್ಲು ಬಿಟ್ಟುಕೊಂಡು ನಿಂತಿದ್ದರು.

"ಏನ್ ಮಾಡಿದ್ರಿ ಸರ್? ನೀವು ಒಳಗೆ ಹೋದ್ರಿ, ನೆಟ್‌ವರ್ಕ್ ಬಂತು!"

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದೆ.

"ಏನಿಲ್ಲ, ಒಂಚೂರು ಸರಿ ಮಾಡಿದೆ," ಎಂದೆ.

ಅವರು ನನ್ನ ಕೈ ಕುಲುಕಿದರು. ಹಿಂದಿನಿಂದ ಹೆಂಡತಿ ಒಂದು ಮಾತೂ ಆಡಲಿಲ್ಲ. ಈ ಸಲ ಅವಳನ್ನು ಯಾರೂ ಸುಮ್ಮನಿರಿಸಿರಲಿಲ್ಲ.

ಮಧ್ಯಾಹ್ನ ಹುಡುಗಿ ಬಂದಳು. ಅತ್ತು ಮುಖ ತೊಳೆದು ಬಂದಿದ್ದು ಗೊತ್ತಾಗುತ್ತಿತ್ತು. ಟ್ರಯಲ್ ಎಂದರೆ ನಾಟಕವಲ್ಲವಂತೆ, ನಿಜವಾದ ರೋಗಿಯ ಮುಂದೆಯೇ ನಡೆಯುತ್ತದಂತೆ. ಆ ಕಡೆ ಒಬ್ಬ ಮುದುಕಿ ಕೂತಿದ್ದರು. ಡಾಕ್ಟರು ಅವರ ಕಣ್ಣಿನ ಆಪರೇಷನ್ ವಿಷಯ ಹೇಳಲು ಶುರು ಮಾಡಿದ್ದರಷ್ಟೇ.

"ಆಪರೇಷನ್ ಅಂತ ನಾನು ಸನ್ನೆ ಮಾಡ್ದೆ, ಅಲ್ಲಿಗೆ ನಿಂತೋಯ್ತು. ಯಾವಾಗ, ಯಾಕೆ, ಏನೂ ಹೇಳಕ್ಕಾಗ್ಲಿಲ್ಲ. ಆ ಅಜ್ಜಿ ನಲವತ್ತು ನಿಮಿಷ ಪರದೆ ನೋಡ್ತಾನೇ ಕೂತಿದ್ರಂತೆ ಅಂಕಲ್. ನಂದೇ ತಪ್ಪು, ನಂಗೆ ಸರಿಯಾದ ಇಂಟರ್‌ನೆಟ್ ಇಲ್ಲ ಅಂತ ಬರೀತಾರೆ. ನೀವು ಇಲಾಖೆಯವ್ರು. ತಪ್ಪು ನಂದಲ್ಲ ಅಂತ ಒಂದು ಕಾಗದ ಬರೆದುಕೊಡ್ತೀರಾ? ನಿಮ್ಮ ಮಾತಿಗೆ ತೂಕ ಇರುತ್ತೆ."

ಕಾಗದ ತೆಗೆದುಕೊಂಡು ಬರೆದೆ. 'ತಾಂತ್ರಿಕ ಕಾರಣಗಳಿಂದ ಸದರಿ ಸ್ಥಳದಲ್ಲಿ ಸಂಪರ್ಕ ಕಡಿತ ಉಂಟಾಗಿದ್ದು, ಇದರಲ್ಲಿ ಸದರಿಯವರ ತಪ್ಪು ಇರುವುದಿಲ್ಲ.' ಕೈ ತಾನಾಗಿಯೇ ಓಡಿತು. ಇಲಾಖೆಯಲ್ಲಿ ನಾವು ಯಾರೇ ಯಾವ ತಂತಿ ಕತ್ತರಿಸಲಿ, ದೂರಿನ ಪುಸ್ತಕದಲ್ಲಿ ಬರೆಯುತ್ತಿದ್ದುದು ಅದನ್ನೇ. ತಾಂತ್ರಿಕ ಕಾರಣ ಎಂಬ ಆ ಎರಡು ಪದಗಳ ಹಿಂದೆ ಎಷ್ಟು ಜನ ಬೇಕಾದರೂ ಅಡಗಿಕೊಳ್ಳಬಹುದು. ಕೆಳಗೆ ನನ್ನ ಹೆಸರು, ಹುದ್ದೆ, ಸರ್ವೀಸಿನ ವರ್ಷ ಎಲ್ಲ ಹಾಕಿ ದಪ್ಪ ಸಹಿ ಮಾಡಿದೆ. ಅವಳು ಅದರ ಫೋಟೋ ತೆಗೆದು ಕಳಿಸಿದಳು. ನನ್ನ ಕಾಲು ಮುಟ್ಟುವುದೊಂದು ಬಾಕಿ.

ಅವಳು ಹೋದ ಮೇಲೆ ಹೆಂಡತಿ ತಟ್ಟೆ ಹಾಕಿದಳು, ಬಡಿಸಿದಳು. ತಾನು ಕೂರಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಹುಡುಗಿ ಮತ್ತೆ ಬಂದಳು. ಈ ಸಲ ಮೆಟ್ಟಿಲ ಮೇಲೆ ಹತ್ತದೆ ಕೆಳಗೇ ನಿಂತಳು.

"ಅಂಕಲ್, ಆಫೀಸಿನೋರು ಟವರ್ ಕಂಪನಿಗೆ ಕೇಳಿದ್ರಂತೆ. ಟವರ್ ಸರಿಯಾಗೇ ಇತ್ತು ಅಂದ್ರಂತೆ. ಯಾವ ತಾಂತ್ರಿಕ ಕಾರಣ ಅಂತ ಕೇಳ್ತಿದಾರೆ. ಕಾಗದ ನಾನೇ ಹುಟ್ಟಿಸಿದೀನಿ ಅಂತ ಅವರಿಗೆ ಅನುಮಾನ. ಈಗ ನೆಟ್ ಇಲ್ದವಳು ಮಾತ್ರ ಅಲ್ಲ, ಸುಳ್ಳುಗಾತಿ ಬೇರೆ."

ಹೆಂಡತಿ ಒಲೆ ಆರಿಸಿ ನನ್ನ ಕಡೆ ತಿರುಗಿದಳು. ಆ ಡಬ್ಬಿಯೊಳಗೆ ಅವಳ ಕಣ್ಣು ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ.

"ನಾನು ಕಣಮ್ಮ," ಎಂದೆ.

"ಏನು ಅಂಕಲ್?"

"ಕಾರಣ ನಾನು. ನನ್ನ ಬೂಸ್ಟರು. ಕೂರಿಸೋಕೆ ಬರದೆ ಕೂರಿಸಿದೆ. ನಿನ್ನ ಟ್ರಯಲ್ ನಡೀತಿರೋ ಹೊತ್ತಿಗೆ ಜೋರು ಮಾಡಿದೆ. ಭಾವಮೈದುನಂಗೆ ಕೆರೆ ತೋರಿಸೋಕೆ."

ಕೆರೆ ತೋರಿಸಲು ಎಂಬ ಮಾತನ್ನು ಆಡುವಾಗ ನನಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತೇನೆ ಅನ್ನಿಸಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ.

"ಮಧ್ಯಾಹ್ನ ಕಾಗದ ಬರೆಯುವಾಗ ನಿಮಗೆ ಇದು ಗೊತ್ತಿತ್ತಾ?"

"ಹೂಂ," ಎಂದೆ.

ಅದಕ್ಕಿಂತ ಚಿಕ್ಕ ಮಾತನ್ನು ನಾನು ಜೀವನದಲ್ಲಿ ಆಡಿಲ್ಲ. ಅಷ್ಟು ಕಷ್ಟದ್ದನ್ನೂ ಆಡಿಲ್ಲ.

ಎರಡನೇ ಕಾಗದವನ್ನು ಬರೆಯಲು ಮೊದಲನೆಯದರ ನಾಲ್ಕು ಪಾಲು ಹೊತ್ತು ಬೇಕಾಯಿತು. ಉಪಕರಣದ ದೋಷ ಎಂದು ಬರೆದೆ, ಹೆಂಡತಿ ಓದಿ ತಲೆ ಅಲ್ಲಾಡಿಸಿದಳು. ಅಚಾತುರ್ಯದಿಂದ ಎಂದು ಬರೆದೆ, ಅದಕ್ಕೂ ಅಲ್ಲಾಡಿಸಿದಳು. ಕೊನೆಗೆ ಮೂರೇ ಸಾಲು ಉಳಿಯಿತು. ನಾನು ಪುಸ್ತಕ ಓದದೆ ಬೂಸ್ಟರ್ ಹಾಕಿ ಎಲ್ಲರ ನೆಟ್‌ವರ್ಕ್ ಕೆಡಿಸಿದೆ. ಅದು ಗೊತ್ತಾದ ಮೇಲೂ ಮುಚ್ಚಿಟ್ಟು ಮೊದಲಿನ ಕಾಗದ ಬರೆದೆ. ನಾನು ಲ್ಯಾಂಡ್‌ಲೈನ್ ಕೇಬಲ್ ಕೆಲಸದವನು, ಇದರಲ್ಲಿ ನನಗೆ ತಿಳಿವಳಿಕೆ ಇಲ್ಲ. ಮೂರನೇ ಸಾಲನ್ನು ಯಾರೂ ಕೇಳಿರಲಿಲ್ಲ. ಆದರೂ ಬರೆದೆ.

ಮಾರನೇ ಬೆಳಿಗ್ಗೆ ನಲ್ಲಿಯ ಹತ್ತಿರ ಜನ ಬಿಂದಿಗೆ, ಬಕೆಟ್ ಹಿಡಿದು ನಿಂತಿದ್ದಾಗ ಮ್ಯಾನೇಜರನನ್ನು ಕರೆದೆ. ಬೈದದ್ದು ಅವರೆಲ್ಲರ ಮುಂದೆ, ಹಾಗಾಗಿ ಕೆಡಿಸಿದ್ದು ನಾನೇ, ತಪ್ಪಾಯಿತು ಎನ್ನುವುದನ್ನೂ ಅವರ ಮುಂದೆಯೇ ಹೇಳಿದೆ. ಚಪ್ಪಾಳೆ ತಟ್ಟಿದವನು ಬಕೆಟ್ ತುಂಬಿ ಹರಿಯುತ್ತಿದ್ದರೂ ನನ್ನನ್ನೇ ನೋಡುತ್ತ ನಿಂತ. ಮ್ಯಾನೇಜರನೇ ಹೋಗಿ ನಲ್ಲಿ ನಿಲ್ಲಿಸಿದ.

"ಗೇಟಲ್ಲಿ ಬೋರ್ಡಿದೆ ಸರ್," ಎಂದ, ಅಷ್ಟೇ ಮೆಲ್ಲಗೆ.

"ಓದಿದ್ದೆ," ಎಂದೆ.

ಕಾಗದ ನೋಡಿದ ಮೇಲೆ ಹುಡುಗಿಯ ಆಫೀಸಿನವರು ಇನ್ನೊಂದು ಅವಕಾಶ ಕೊಟ್ಟರು. ಎರಡು ದಿನ ಬಿಟ್ಟು, ಅದೇ ಹನ್ನೊಂದು ಗಂಟೆಗೆ, ಅದೇ ಅಜ್ಜಿಯ ಜೊತೆ. ಬೇರೆ ಕಡೆ ಹೊರಟುಹೋಗೋಣ ಎಂದೆ ಹೆಂಡತಿಗೆ. "ಅದು ಮುಗಿಯೋ ತನಕ ಇರೋಣ," ಎಂದಳು. ಆ ಎರಡು ದಿನ ನೀರಿಗೆ ನಾನೇ ಹೋದೆ, ಮುಖ ಎತ್ತದೆ.

ಆ ದಿನ ಹತ್ತೂವರೆಗೆ ಹುಡುಗಿ ನಮ್ಮ ಬಾಗಿಲು ಬಡಿದಳು. ಒಳ್ಳೆಯ ಅಂಗಿ ಹಾಕಿ ತಲೆ ಬಾಚಿಕೊಂಡಿದ್ದಳು. ಅಂಕಲ್ ಎನ್ನಲಿಲ್ಲ.

"ಸರ್, ಆಫ್ ಆಗಿದೆ ತಾನೆ?"

"ಆಗಿದೆಯಮ್ಮ. ಆವತ್ತೇ ಕಿತ್ತೆ."

ಅವಳು ಹೋಗಲಿಲ್ಲ. ಬೆರಳುಗಳನ್ನು ಹಿಸುಕಿಕೊಳ್ಳುತ್ತಿದ್ದಳು. "ಒಂದ್ಸಲ ನೋಡ್ಲಾ?"

ನಾನು ಪಕ್ಕಕ್ಕೆ ಸರಿದೆ. ಒಳಗೆ ಬಂದು ಪ್ಲಗ್ ಇರುವ ಜಾಗ ನೋಡಿದಳು, ಚಾವಣಿ ನೋಡಿದಳು. ಹೆಂಡತಿ ಪಾತ್ರೆ ಕಪಾಟಿನಿಂದ ಪೆಟ್ಟಿಗೆ ತೆಗೆದು ಅವಳ ಮುಂದೆ ಹಿಡಿದಳು. ಹುಡುಗಿ ಅದರಿಂದ ಕರೆಂಟಿನ ವೈರನ್ನು ಮಾತ್ರ ಬಿಡಿಸಿ ಕೈಗೆ ಸುತ್ತಿಕೊಂಡಳು.

"ಇದು ನನ್ನ ಹತ್ರ ಇರ್ಲಿ. ಮುಗಿದ ಮೇಲೆ ತಂದುಕೊಡ್ತೀನಿ. ತಪ್ಪು ತಿಳ್ಕೋಬೇಡಿ ಸರ್."

"ಇಲ್ಲಮ್ಮ. ನಿನ್ನ ಹತ್ರಾನೇ ಇರ್ಲಿ," ಎಂದೆ.

ಅವಳು ಇಳಿದು ಹೋದಳು. ನಾನು ಮೆಟ್ಟಿಲ ಮೇಲೆ ಕೂತೆ. ಪಕ್ಕದ ಟ್ರೇಲರಿನ ಕಿಟಕಿಯಲ್ಲಿ ಅವಳ ಕೈಗಳು ಕಾಣುತ್ತಿದ್ದವು. ನನಗೆ ಅರ್ಥವಾಗದಿದ್ದರೂ ಅವು ನಿಲ್ಲದೆ ಆಡುತ್ತಿದ್ದವು. ನನ್ನ ಜೇಬಿನಲ್ಲಿದ್ದ ಫೋನು ಎರಡು ಸಲ ಗುಂಯ್‌ಗುಟ್ಟಿತು. ಭಾವಮೈದುನನೇ ಇರಬೇಕು. ಅವಳ ಕೈಗಳು ನಿಲ್ಲುವ ತನಕ ನಾನು ಅದನ್ನು ಮುಟ್ಟಲಿಲ್ಲ.