ನನ್ನ ಹೊಟ್ಟೆಯಲ್ಲಿ ಕರಗಿದ ಕರ್ಪೂರ

ನಾನು ಒಂದು ಪೆಟ್ರೋಲ್ ಟ್ಯಾಂಕು. ಮೋಟಾರ್ ಸೈಕಲ್ಲಿನ ಮೇಲೆ, ಸವಾರನ ಎರಡು ಮೊಣಕಾಲುಗಳ ನಡುವೆ ಕೂರುವ ವಸ್ತು. ಗಾಡಿ ಚೆನ್ನಾಗಿ ಓಡಿದರೆ ಜನ ಎಂಜಿನ್ನನ್ನು ಹೊಗಳುತ್ತಾರೆ, ಸವಾರನಿಗೆ ಹಾರ ಹಾಕುತ್ತಾರೆ. ನನ್ನನ್ನು ಕೇಳುವುದು ಒಂದೇ ಮಾತು: ಎಷ್ಟು ಉಳಿದಿದೆ?

ಆದರೂ ನನ್ನ ಕಥೆ ಹೇಳಲೇಬೇಕು. ನನ್ನೊಳಗೆ ಯಾರು ಏನು ಹಾಕಿದರು ಎಂಬುದು ನನಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಗುರುಸಿದ್ದವ್ವ ಎಂಬ ತಾಯಿ ನನ್ನೊಳಗೆ ಕರ್ಪೂರ ಹಾಕಲಿಲ್ಲ. ತಾನೇ ಹಾಕಿದೆನೆಂದು ನಂಬಿ ಆಕೆ ಹನ್ನೊಂದು ವರ್ಷ ಬದುಕಿದಳು. ಹಾಗೆ ನಂಬಿಸಿದವರು ಆಕೆ ಬಡಿಸಿದ ರೊಟ್ಟಿಯನ್ನು ಅಷ್ಟೂ ವರ್ಷ ತಿಂದರು.

ನಾನು ಹುಟ್ಟಿದ್ದು ಮೈಸೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ. ಎರಡು ತಗಡುಗಳನ್ನು ಅಚ್ಚಿಗೆ ಒತ್ತಿ, ಅಂಚಿಗೆ ಅಂಚು ಸೇರಿಸಿ ಬೆಸೆದರು. ನೀರಿನಲ್ಲಿ ಮುಳುಗಿಸಿ, ಗಾಳಿ ಊದಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಬರಲಿಲ್ಲ. ಕೆಂಪು ಬಣ್ಣ ಬಳಿದು, ಒಂದು ಮೋಟಾರ್ ಸೈಕಲ್ಲಿನ ಬೆನ್ನಿಗೆ ಬಿಗಿದು, ರೈಲಿಗೆ ಹಾಕಿ ಹುಬ್ಬಳ್ಳಿಗೆ ಕಳಿಸಿದರು.

ನನ್ನ ಮೊದಲ ಒಡೆಯ ಸಂಗನಬಸಪ್ಪ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ಮೊಣಕಾಲುಗಳು ಗಟ್ಟಿಯಾಗಿದ್ದವು, ಸವಾರಿ ನಿಧಾನವಾಗಿತ್ತು. ಒಮ್ಮೆ ಮಾತ್ರ ಗದಗಿನ ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದು ಅವನು ಬಿದ್ದ. ನನ್ನ ಎಡ ಪಕ್ಕೆಯಲ್ಲಿ ಅಂಗೈಯಗಲದ ತಗ್ಗಾಯಿತು. ಅವನು ಎದ್ದು, ತನ್ನ ಮೊಣಕೈ ನೋಡಿಕೊಳ್ಳುವ ಮೊದಲು ನನ್ನ ತಗ್ಗನ್ನು ಸವರಿದ. ಅಂಥ ಮನುಷ್ಯ. ನಲವತ್ತೊಂಬತ್ತನೆಯ ವಯಸ್ಸಿಗೆ ಎದೆನೋವು ಬಂದು ಹೋಗಿಬಿಟ್ಟ.

ಅವನ ಹೆಂಡತಿಯೇ ಗುರುಸಿದ್ದವ್ವ. ಪ್ರತಿ ಅಮಾವಾಸ್ಯೆಯಂದು ಆಕೆ ಗಾಡಿಯನ್ನು ತೊಳೆದು, ನನ್ನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕಾಯಿ ಒಡೆದು, ಕರ್ಪೂರ ಬೆಳಗುತ್ತಿದ್ದಳು. ಗಂಡ ಸತ್ತ ಮೇಲೂ ನಿಲ್ಲಿಸಲಿಲ್ಲ. "ಅವರು ಕುಂತ ಜಾಗಾ ಐತಿ ಇದು" ಎನ್ನುತ್ತಿದ್ದಳು. ದೇವರ ಮುಂದೆ ಆಕೆ ಏನನ್ನೂ ಕೇಳುತ್ತಿರಲಿಲ್ಲ. ಕರ್ಪೂರ ಉರಿದು ಮುಗಿಯುವವರೆಗೆ ಕಣ್ಣು ಬಿಟ್ಟು ನೋಡುತ್ತಿದ್ದಳು, ಅಷ್ಟೇ. ಬೂದಿ ಸಹ ಉಳಿಸದೆ ಹೋಗುವ ವಸ್ತು ಅದೊಂದೇ ಎಂದು ಆಕೆಗೆ ಅದರ ಮೇಲೆ ಪ್ರೀತಿ.

ಮಗ ಪಂಚಾಕ್ಷರಿಯ ಕೈಗೆ ಗಾಡಿಯೂ ನಾನೂ ಬಂದೆವು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಮಣ್ಣಿನ ಹಾದಿಯ ರೇಸಿನ ಹುಚ್ಚು. ದೀಪ ಬಿಚ್ಚಿದ, ಮಡ್‌ಗಾರ್ಡ್ ಬಿಚ್ಚಿದ, ನನ್ನನ್ನು ಮಾತ್ರ ಉಳಿಸಿಕೊಂಡ. ಗಾಡಿ ಸಜ್ಜು ಮಾಡುತ್ತಿದ್ದವನು ಅವನ ಗೆಳೆಯ ಗಂಗಾಧರ ಮೆಣಸಿನಕಾಯಿ, ದುರ್ಗದಬೈಲಿನ ಹತ್ತಿರ ಗ್ಯಾರೇಜು ಇಟ್ಟವನು. ಕೈ ಒಳ್ಳೆಯ ಕೆಲಸಗಾರನದು. ಬಾಯಿ ಬೆಣ್ಣೆ.

ಪಂಚಾಕ್ಷರಿ ಚೆನ್ನಾಗಿ ಓಡಿಸುತ್ತಿದ್ದ. ಅದನ್ನು ಸುಳ್ಳು ಎನ್ನಲಾರೆ. ತಿರುವಿನಲ್ಲಿ ಅವನು ಮೈ ಬಾಗಿಸಿದರೆ ನನ್ನೊಳಗಿನ ಪೆಟ್ರೋಲು ಸಹ ಅವನ ಜೊತೆಗೆ ಬಾಗುತ್ತಿತ್ತು.

ಆ ವರ್ಷ ಊರಾಚೆಯ ಬಯಲಿನಲ್ಲಿ ದೊಡ್ಡ ರೇಸು ಇಟ್ಟರು. ಹತ್ತು ಸುತ್ತು. ಗೆದ್ದವನನ್ನು ಟೈರ್ ಕಂಪನಿಯೊಂದು ತನ್ನ ತಂಡಕ್ಕೆ ತೆಗೆದುಕೊಳ್ಳುತ್ತದೆಂದು ಸುದ್ದಿ. ಬೆಳಿಗ್ಗೆ ಒಂಬತ್ತಕ್ಕೆ ಗುರುಸಿದ್ದವ್ವ ಪೂಜೆಯ ತಾಟು ಹಿಡಿದು ಅಲ್ಲಿಗೇ ಬಂದಳು. ತಾಟಿನಲ್ಲಿ ವಿಭೂತಿ, ಊದಿನಕಡ್ಡಿ, ಕಾಗದದ ಪುಡಿಕೆಯಲ್ಲಿ ಕರ್ಪೂರ. ಮಠದ ಮುಂದಿನ ಅಂಗಡಿಯಿಂದ ತಂದ ಹತ್ತು ಬಿಲ್ಲೆ. ಗಂಗಾಧರ ಆಗಷ್ಟೇ ಪೆಟ್ರೋಲು ಸುರಿದಿದ್ದ. ನನ್ನ ಮುಚ್ಚಳ ತೆರೆದಿತ್ತು. ಆಕೆ ತಾಟನ್ನು ನನ್ನ ಬೆನ್ನ ಮೇಲಿಟ್ಟು, ಕಾಯಿ ಒಡೆಯಲು ಮುಂದಿನ ಗಾಲಿಯ ಹತ್ತಿರ ಕಲ್ಲು ಹುಡುಕುತ್ತಾ ಬಗ್ಗಿದಳು.

ಗಂಗಾಧರ ಪುಡಿಕೆ ಬಿಚ್ಚಿದ. ಆರು ಬಿಲ್ಲೆ ತೆಗೆದು ಅಂಗೈಯಲ್ಲಿ ಪುಡಿ ಮಾಡಿದ.

"ಏ, ಏನ್ ಮಾಡಾಕತ್ತೀಲೇ?" ಎಂದ ಪಂಚಾಕ್ಷರಿ, ಸಣ್ಣ ದನಿಯಲ್ಲಿ.

"ಸುಮ್ಕ ಇರಲೇ. ದೊಡ್ಡ ದೊಡ್ಡ ರೇಸಿನವ್ರು ಹಾಕ್ತಾರ. ಗಾಡಿ ಹೆಂಗ ಜಿಗಿತೈತಿ ನೋಡು."

"ಗೊತ್ತಾದ್ರ?"

"ಪ್ರಸಾದ ಅನ್ನು." ಗಂಗಾಧರ ನಕ್ಕು, ಪುಡಿಯನ್ನು ನನ್ನ ಬಾಯಿಗೆ ಸುರಿದ.

ಪಂಚಾಕ್ಷರಿ ತಾಯಿಯ ಕಡೆ ನೋಡಿದ. ಆಕೆಯ ಬೆನ್ನು ಕಾಣುತ್ತಿತ್ತು. ಆಮೇಲೆ ಅವನೇ, ತನ್ನ ಕೈಯಿಂದಲೇ, ನನ್ನ ಮುಚ್ಚಳ ಹಾಕಿ ತಿರುಗಿಸಿದ. ಗಂಗಾಧರ ಹಾಕಿದ, ಇವನು ಮುಚ್ಚಿದ. ನನಗೆ ಇಬ್ಬರೂ ಒಂದೇ. ಅಲ್ಲ, ಒಂದೇ ಅಲ್ಲ. ಮುಚ್ಚಿದವನು ಆಕೆಯ ಹೊಟ್ಟೆಯಲ್ಲಿ ಹುಟ್ಟಿದವನು.

ಆಕೆ ಎದ್ದು ಬಂದು, ಒಂದು ಬಿಲ್ಲೆ ಹಚ್ಚಿ ಬೆಳಗಿದಳು. "ಹುಷಾರಪಾ. ಗೆಲ್ಲದಿದ್ರೂ ನಡಿತೈತಿ, ಕೈಕಾಲು ನೆಟ್ಟಗ ತಗೊಂಡ್ ಬಾ" ಎಂದಳು.

ಅವನು ಗೆದ್ದ. ಮೊದಲ ಸುತ್ತಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿದವನು ಕೊನೆಯವರೆಗೆ ಮುಂದೆಯೇ ಇದ್ದ. ನನ್ನ ಸಿಟ್ಟು ಹೆಚ್ಚುವುದು ಇಲ್ಲಿಯೇ. ಕರ್ಪೂರ ಇಲ್ಲದಿದ್ದರೂ ಅವನು ಗೆಲ್ಲುತ್ತಿದ್ದ. ಆ ತಿರುವುಗಳನ್ನು ತಿರುಗಿಸಿದ್ದು ಅವನ ಮೊಣಕಾಲುಗಳು. ನ್ಯಾಯವಾಗಿ ಅವನದಾಗುವ ಗೆಲುವನ್ನು ಅವನೇ ಕಳ್ಳತನ ಮಾಡಿದ.

ಕಪ್ಪು ಕೊಟ್ಟರು, ಹಾರ ಹಾಕಿದರು. ಗುರುಸಿದ್ದವ್ವ ಕಪ್ಪನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ಎರಡನೆಯವನಾಗಿ ಬಂದ ಹುಡುಗ ಕೂಗಾಡುತ್ತಾ ಬಂದ.

"ಹತ್ತ ಸುತ್ತು ಇವನ ಹಿಂದ ಹೊಡದೇನ್ರಿ! ರೇಸ್ ಅಲ್ರಿ ಅದು, ಮಂಗಳಾರತಿ! ಮೂಗಿಗೆ ಬರೇ ಗುಡಿ ವಾಸನಿ. ಇನ್ನೊಂದ್ ಸುತ್ತು ಇದ್ದಿದ್ರ ಘಂಟಿ ಬಾರಿಸ್ತಿದ್ದೆ!"

ಜನ ನಕ್ಕರು. ಆದರೆ ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿ ಮಾಚಯ್ಯ ನಗಲಿಲ್ಲ. ಅವರು ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು. ನನ್ನ ಮುಚ್ಚಳ ತೆಗೆದು ಮೂಸಿದರು. ಒಂದು ಗಾಜಿನ ಬಟ್ಟಲಿಗೆ ನನ್ನಿಂದ ಸ್ವಲ್ಪ ಪೆಟ್ರೋಲು ತೆಗೆದು ಬಿಸಿಲಿಗಿಟ್ಟರು. ಪೆಟ್ರೋಲು ಆರಿತು. ಬಟ್ಟಲಿನ ಅಂಚಿಗೆ ಬೆಳ್ಳಗೆ ಪುಡಿ ಅಂಟಿಕೊಂಡಿತ್ತು.

"ಇದು ಕರ್ಪೂರ," ಎಂದರು ಮಾಚಯ್ಯ. "ಯಾರು ಹಾಕಿದ್ದು ನಿಜ ಹೇಳಿ. ಬೇಕೂಂತ ಹಾಕಿದ್ರೆ ಮೂರು ವರ್ಷ ಯಾವ ರೇಸಿಗೂ ಬರೋ ಹಾಗಿಲ್ಲ. ಗೊತ್ತಿಲ್ದೆ ಬಿದ್ದಿದ್ರೆ ಇವತ್ತಿನ ಗೆಲುವು ಮಾತ್ರ ಹೋಗುತ್ತೆ."

ಪಂಚಾಕ್ಷರಿ ಬಾಯಿ ತೆರೆದ. ಗಂಗಾಧರ ಅವನಿಗಿಂತ ಮೊದಲು ಮಾತಾಡಿದ.

"ಸಾಹೇಬ್ರ, ಅವ್ವಾರು ಮುಂಜಾನಿ ಪೂಜಿ ಮಾಡಿದ್ರು. ತಾಟು ಟ್ಯಾಂಕಿನ ಮ್ಯಾಲನ ಇಟ್ಟಿದ್ರು. ಮುಚ್ಚಳ ತೆರದಿತ್ತು. ವಯಸ್ಸಾದವ್ರು, ಕೈ ನಡಗತಾವ... ಅವರಿಗೇನು ಗೊತ್ತಾಗಬೇಕ್ರಿ, ಪಾಪ."

ಪಾಪ ಎಂದ! ಎಲ್ಲರ ಕಣ್ಣೂ ಆಕೆಯ ಕಡೆ ಹೊರಳಿತು. ಮಾಚಯ್ಯ ತಗ್ಗಿದ ದನಿಯಲ್ಲಿ ಕೇಳಿದರು, "ತಾಯಿ, ಹಾಗೇನಾದ್ರೂ ಆಯ್ತಾ?"

ಗುರುಸಿದ್ದವ್ವ ಪುಡಿಕೆ ಬಿಚ್ಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಹತ್ತ ತಂದಿದ್ದೆರೀ. ಒಂದು ಹಚ್ಚೇನಿ. ಮೂರದಾವ." ಆಕೆ ಪುಡಿಕೆ ಮಡಚಿದಳು. "ಉಳದದ್ದು ನನ್ನ ಕೈಯಾಗಿಂದನ ಬಿದ್ದಿರಬೇಕ್ರಿ ಸಾಹೇಬ್ರ. ನಂದ ತಪ್ಪು. ನನ್ನ ಮಗಂದು ಏನೂ ಇಲ್ರಿ."

ಸುಳ್ಳು ಹೇಳುವುದು ಆಕೆಗೆ ಬರುತ್ತಿರಲಿಲ್ಲ. ಬೇರೆಯವರಿಗೆ ಬರುತ್ತದೆ ಎಂದೂ ಆಕೆಗೆ ಹೊಳೆಯಲಿಲ್ಲ. ಮಗನ ಕೈ ಹಿಡಿದು, "ತಪ್ಪಾತೋ ನನ್ನಪ್ಪಾ" ಎಂದಳು.

ಅವನು ನೆಲ ನೋಡುತ್ತಾ, "ಇರಲಿ ಬಿಡಬೇ" ಎಂದ.

ಕೇಳಿದಿರಾ? ಇರಲಿ ಬಿಡು ಎಂದ. ತಪ್ಪು ಮಾಡಿದವನು ತಪ್ಪು ಮಾಡದವಳನ್ನು ಕ್ಷಮಿಸಿದ. ಸುತ್ತ ನಿಂತವರು ಅವನ ದೊಡ್ಡ ಗುಣವನ್ನು ಮೆಚ್ಚಿ ತಲೆಯಾಡಿಸಿದರು. ಆಗ ನನ್ನ ಹೊಟ್ಟೆಯಲ್ಲಿ ಅರ್ಧ ಟ್ಯಾಂಕು ಪೆಟ್ರೋಲಿತ್ತು. ಒಂದು ಕಿಡಿ ಸಿಕ್ಕಿದ್ದರೆ ಸಾಕಿತ್ತು.

ಮಾಚಯ್ಯ ಆಕೆಯ ಮಡಿಲಿನಿಂದ ಕಪ್ಪನ್ನು ತಾವೇ ಎತ್ತಿಕೊಂಡರು. ಗೆಲುವು ರದ್ದಾಯಿತು. ಎರಡನೆಯವನು ಮೊದಲನೆಯವನಾದ.

ಊರಿನ ಬಾಯಿ ದೊಡ್ಡದು. ಒಂದು ವಾರದಲ್ಲಿ ಆಕೆಗೆ ಕರ್ಪೂರದವ್ವ ಎಂದು ಹೆಸರು ಬಿತ್ತು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ಸಹ, "ಬರ್ರಿ ಕರ್ಪೂರದವ್ವಾರ, ಬದನಿಕಾಯಿಗೆ ಆರತಿ ಮಾಡೀರಿ ಮತ್ತ" ಎಂದು ನಗುತ್ತಿದ್ದಳು. ಆಕೆ ಬದನೆಕಾಯಿ ಆರಿಸಿಕೊಂಡು ಬರುತ್ತಿದ್ದಳು. ಆದರೆ ಅಮಾವಾಸ್ಯೆ ಬಂದಾಗ ಕರ್ಪೂರ ತರಲಿಲ್ಲ. ಮುಂದಿನ ಅಮಾವಾಸ್ಯೆಗೂ ತರಲಿಲ್ಲ. "ಈ ಕೈಗೆ ಇನ್ನ ಕರ್ಪೂರ ಮುಟ್ಟೋ ಯೋಗ್ಯತಿ ಇಲ್ಲ" ಎಂದಳು. ಮಠಕ್ಕೆ ಹೋದರೆ ಮಂಗಳಾರತಿಯ ಹೊತ್ತಿಗೆ ಹೊರಗೆ ಬಂದು ಕಂಬದ ಹಿಂದೆ ನಿಲ್ಲುತ್ತಿದ್ದಳಂತೆ. ಕಪ್ಪು ಹೋದರೆ ಹೋಗಲಿ, ಅದು ಹಿತ್ತಾಳೆ. ಆಕೆ ದೇವರ ಮುಂದೆ ಕಣ್ಣು ಬಿಟ್ಟು ನಿಲ್ಲುತ್ತಿದ್ದ ಆ ಒಂದು ಗಳಿಗೆಯನ್ನು ಇವರು ಕಸಿದುಕೊಂಡರು. ಅದಕ್ಕೆ ಯಾವ ಅಧಿಕಾರಿಯೂ ಯಾರನ್ನೂ ಅನರ್ಹಗೊಳಿಸಲಿಲ್ಲ.

ಪಂಚಾಕ್ಷರಿಗೆ ಬಹಿಷ್ಕಾರ ಬೀಳಲಿಲ್ಲ. ಮರುವರ್ಷ ಬೇರೆ ಗಾಡಿಯ ಮೇಲೆ, ಆ ಟೈರ್ ಕಂಪನಿಯ ಅಂಗಿ ತೊಟ್ಟು ಓಡಿದ. ಆಮೇಲೆ ಗಂಗಾಧರನ ಜೊತೆ ಸೇರಿ ಬಿಡಿಭಾಗಗಳ ಅಂಗಡಿ ತೆರೆದ.

ಹಳೆಯ ಗಾಡಿ ಕುಂದಗೋಳದ ಕಡೆಯ ಹಾಲಿನವನೊಬ್ಬನಿಗೆ ಹೋಯಿತು. ನಾನು ನಾಲ್ಕು ವರ್ಷ ಹಾಲಿನ ಕ್ಯಾನುಗಳ ನಡುವೆ ತಿರುಗಿದೆ. ಆಮೇಲೆ ತಳ ತುಕ್ಕು ಹಿಡಿದು ಸೋರತೊಡಗಿದೆ. ಅವನು ಹೊಸ ಟ್ಯಾಂಕು ಹಾಕಿಸಿಕೊಂಡ. ನನ್ನನ್ನು ಮೌಲಾಸಾಬರ ಗುಜರಿಗೆ ಎಸೆದರು. ಅಲ್ಲಿ ಬಿಸಿಲು, ಮಳೆ, ಬೆಕ್ಕಿನ ಮರಿಗಳು. ಅದೇ ನನ್ನ ಕೊನೆ ಎಂದುಕೊಂಡಿದ್ದೆ.

ಒಂದು ದಿನ ಸಂತೆಗೆ ಹೊರಟ ಗುರುಸಿದ್ದವ್ವ ಗುಜರಿಯ ಮುಂದೆ ನಿಂತುಬಿಟ್ಟಳು. ಎಡ ಪಕ್ಕೆಯ ತಗ್ಗಿನಿಂದ ನನ್ನ ಗುರುತು ಹಿಡಿದಳು.

"ತಳಾ ತೂತ ಐತ್ರೀ ಅಮ್ಮಾ," ಎಂದರು ಮೌಲಾಸಾಬ. "ನೀರ ತುಂಬಾಕೂ ಬರಂಗಿಲ್ಲ, ಹಿಟ್ಟ ತುಂಬಾಕೂ ಬರಂಗಿಲ್ಲ."

"ಇದು ನಮ್ಮ ಮನಿದು, ಸಾಬರ."

ಮುದುಕರು ನನ್ನನ್ನು ರಾಶಿಯಿಂದ ಎತ್ತಿದರು. ನನ್ನ ಮೈಮೇಲಿನ ಮಣ್ಣನ್ನು ತಮ್ಮ ಹೆಗಲ ವಸ್ತ್ರದಿಂದಲೇ ಒರೆಸಿ ಆಕೆಯ ಕೈಗೆ ಕೊಟ್ಟರು. ಅಷ್ಟು ಸೌಜನ್ಯ ನನ್ನ ಬದುಕಿನಲ್ಲಿ ಇನ್ನೊಬ್ಬರಿಂದ ಕಂಡಿಲ್ಲ.

ಮನೆಯಲ್ಲಿ ನನ್ನನ್ನು ನೋಡಿ ಪಂಚಾಕ್ಷರಿಯ ಮುಖ ಕಪ್ಪಿಟ್ಟಿತು. "ಯಾಕ ತಂದೀಬೇ ಇದನ್ನ?"

"ಇದರ ಮುಂದ ಒಂದು ತಪ್ಪೊಪ್ಪಿಗಿ ಬಾಕಿ ಐತಪಾ ನಂದು" ಎಂದಳು ಆಕೆ.

ದೇವರ ಜಗಲಿಯ ಪಕ್ಕದ ಮೂಲೆಯಲ್ಲಿ ನನ್ನನ್ನಿಟ್ಟಳು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಎಣ್ಣೆಯ ದೀಪ ಮಾತ್ರ ಹಚ್ಚಿ, ನನ್ನ ಬೆನ್ನ ಮೇಲೆ ಕೈಯಿಡುತ್ತಿದ್ದಳು. "ನಿನ್ನ ಹೊಟ್ಟ್ಯಾಗ ನಾನ ವಿಷಾ ಹಾಕಿದ್ನಲ್ಲಪಾ. ನನ್ನ ಕೂಸಿನ ಗೆಲುವು ನಾನ ತಿಂದೆ." ದಿನಾ ಅದೇ ಮಾತು. ಆರು ವರ್ಷ. ತಗಡಿಗೆ ನಾಲಿಗೆಯಿಲ್ಲ. ನಾಲಿಗೆಯಿದ್ದವನು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಆ ಮಾತು ಅವನಿಗೂ ಕೇಳುತ್ತಿತ್ತು.

ಒಮ್ಮೆ ಆಕೆ ಜ್ವರದಿಂದ ಮಲಗಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ.

"ಅವ್ವಾ, ಆವತ್ತ..." ಎಂದ.

"ಹೇಳಪಾ" ಎಂದಳು ಆಕೆ, ತಲೆಯೆತ್ತಿ.

ಹೇಳು, ಹೇಳು ಎಂದು ನನ್ನ ತುಕ್ಕೆಲ್ಲ ಕಾದಿತ್ತು. ಅವನು, "ಗುಳಿಗಿ ತಗೊಂಡೀಯೇನು?" ಎಂದು ಕೇಳಿ ಹೊರಟುಹೋದ.

ಮರುವಾರ ಆಕೆ ತೀರಿಹೋದಳು.

ಸಂಪ್ರದಾಯದಂತೆ ಆಕೆಯನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹಣೆತುಂಬ ವಿಭೂತಿ. ಮಠದ ಅಯ್ಯನವರು ಪೂಜೆಗೆ ಕೂತು, "ಕರ್ಪೂರ ಕೊಡ್ರಿ" ಎಂದರು.

ಸೊಸೆ ಮೆಲ್ಲಗೆ ಹೇಳಿದಳು, "ಮನ್ಯಾಗ ಕರ್ಪೂರ ಇಲ್ರಿ ಅಜ್ಜಾರ. ಅತ್ತಿಯವರು ಬಿಟ್ಟು ಹನ್ನೊಂದು ವರ್ಷಾತು."

"ಹಂಗ್ಯಾಕ? ಇಂಥಾ ಶರಣಿ ಕರ್ಪೂರ ಯಾಕ ಬಿಟ್ಲು?"

ಕೋಣೆ ತುಂಬ ಜನ. ನೆರೆಯವರು, ನೆಂಟರು, ಗೋಡೆಯ ಹತ್ತಿರ ಗಂಗಾಧರ. ಎಲ್ಲರೂ ಮಗನ ಕಡೆ ನೋಡಿದರು. ಈಗ ಹೇಳಿದರೆ ರೇಸಿಲ್ಲ, ಬಹಿಷ್ಕಾರವಿಲ್ಲ, ಕಳೆದುಕೊಳ್ಳಲು ಏನೂ ಇಲ್ಲ. ಒಂದು ಮಾತು ಹೇಳಿದ್ದರೆ ಕರ್ಪೂರದವ್ವ ಎಂಬ ಕಳಂಕ ಹೊತ್ತು ಆಕೆ ಮಣ್ಣಿಗೆ ಹೋಗಬೇಕಾಗಿರಲಿಲ್ಲ.

ಪಂಚಾಕ್ಷರಿ ಹೇಳಿದ, "ಅಕಿಗೆ ಹೊಗಿ ಆಗತಿರಲಿಲ್ರೀ. ಕೆಮ್ಮು ಬರತಿತ್ತು."

"ಹೌದ್ರಿ, ಭಾಳ ಕೆಮ್ಮು" ಎಂದ ಗಂಗಾಧರ. ಓಡಿಹೋಗಿ ಅಂಗಡಿಯಿಂದ ಕರ್ಪೂರ ತಂದವನೂ ಅವನೇ. ಪಂಚಾಕ್ಷರಿ ಕಡ್ಡಿ ಗೀರಿದ. ಹನ್ನೊಂದು ವರ್ಷದ ಮೇಲೆ ಕರ್ಪೂರದ ಬೆಳಕು ಆಕೆಯ ಮುಖದ ಮೇಲೆ ಬಿತ್ತು. ಆಗ ಆಕೆಯ ಕಣ್ಣುಗಳು ಮುಚ್ಚಿದ್ದವು.

ನಾನು ಇನ್ನೂ ಆ ಮೂಲೆಯಲ್ಲಿದ್ದೇನೆ. ನನ್ನನ್ನು ಹೊರಗೆಸೆಯಲು ಅವನಿಗೆ ಧೈರ್ಯವಿಲ್ಲ. ನನ್ನ ಮುಂದೆ ನಿಲ್ಲಲೂ ಧೈರ್ಯವಿಲ್ಲ. ಒಂದೊಂದು ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಬಂದು ನನ್ನ ಬೆನ್ನ ಮೇಲೆ ಕೈಯಿಡುತ್ತಾನೆ, ಅಳುತ್ತಾನೆ. ಪಶ್ಚಾತ್ತಾಪ ಪಟ್ಟವರನ್ನು ದೇವರು ಕ್ಷಮಿಸುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಕ್ಷಮಿಸಲಿ. ಅದು ದೇವರ ಕೆಲಸ. ನಾನು ತಗಡು.