ಹತ್ತಿಯ ಮೇಲೆ ಮಲಗಿಸಿದ ಲ್ಯಾಪ್‌ಟಾಪ್

ಹಾಸಿಗೆ ಹೊಲಿಯುವವರ ಮನೆಯಲ್ಲಿ ಹತ್ತಿ ಇಲ್ಲದ ಜಾಗವೇ ಇರುವುದಿಲ್ಲ. ಕಿಟಕಿಯ ಸರಳಿನಲ್ಲಿ ಹತ್ತಿ, ಬಾಚಣಿಗೆಯಲ್ಲಿ ಹತ್ತಿ, ನೀರಿನ ಲೋಟ ಮುಚ್ಚಿಡದಿದ್ದರೆ ಅದರಲ್ಲೂ ಹತ್ತಿ. ಈ ಮನೆಯಲ್ಲಿ ಗಂಡ ಹತ್ತಿ ಹಿಂಜಿ ತುಂಬುತ್ತಿದ್ದ, ಹೆಂಡತಿ ಹೊಲಿಯುತ್ತಿದ್ದಳು. ಅವಳಿಗೆ ಕಾಯಿಲೆ ಬಂತು. ಹೊಲಿಗೆ ಮಷಿನ್ ಮುಂದೆ ಕೂರುವುದಕ್ಕೂ ಆಗದಂತಾಯಿತು. ಆಗ ಅವಳ ತಂಗಿ ತನ್ನ ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟಳು. ಸಣ್ಣದು, ಮಡಿಲಲ್ಲಿ ಇಟ್ಟರೆ ಪುಸ್ತಕದಷ್ಟೇ ಕಾಣುವಂಥದ್ದು. ಹೇಳಬೇಕು ಅನ್ನಿಸಿದ್ದನ್ನೆಲ್ಲ ಇದರೊಳಗೆ ಮಾತಾಡಿಡು ಅಂತ ಅಕ್ಕನಿಗೆ ಹೇಳಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಹೋದಳು.

ಅವಳು ಮಾತಾಡಿದಳು. ಹಾಸಿಗೆಯ ಮೂಲೆ ಹೇಗೆ ಮಡಚಬೇಕು, ದಪ್ಪ ದಾರಕ್ಕೆ ಎಂಥ ಸೂಜಿ ಬೇಕು, ಎಷ್ಟು ಹತ್ತಿ ತುಂಬಿದರೂ ಗೊಣಗುವ ಗಿರಾಕಿ ಯಾರು, ಎಲ್ಲವೂ ಅದರಲ್ಲಿತ್ತು. ನಡುನಡುವೆ ಗಂಡನಿಗೆ ಬೈಗುಳ. ಕೊನೆಗೆ ಮಗಳಿಗೆ ಅಂತಲೇ ಒಂದಷ್ಟು ಮಾತು. ಆಮೇಲೆ ಹೋಗಿಬಿಟ್ಟಳು.

ಅಪ್ಪ ಊಟ ಮುಗಿಸಿ ದಿನಾ ಮಧ್ಯಾಹ್ನ ಆ ದನಿ ಹಾಕಿಕೊಂಡು ಕೂರುತ್ತಿದ್ದ. ಮಗಳು ಮಾತ್ರ ಎದ್ದು ಹೊರಗೆ ಹೋಗುತ್ತಿದ್ದಳು. ಕೇಳು ಮಗಳೇ ಅಂದರೆ, "ಆಮೇಲೆ ಕೇಳ್ತೀನಪ್ಪಾ" ಅನ್ನುತ್ತಿದ್ದಳು. ಅವಳಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಅವಸರವೇನು, ದನಿ ಮನೆಯಲ್ಲೇ ಇದೆಯಲ್ಲ ಅಂತ ಇಬ್ಬರೂ ಸಮಾಧಾನ ಮಾಡಿಕೊಂಡಿದ್ದರು.

ಇಂಥ ವಸ್ತುವನ್ನು ಬರೀ ಹಲಗೆಯ ಮೇಲೆ ಇಡಲು ಅಪ್ಪನಿಗೆ ಮನಸ್ಸು ಬರಲಿಲ್ಲ. ಒಳ್ಳೆಯ ಹತ್ತಿ ಆರಿಸಿ ಅದಕ್ಕೊಂದು ಪುಟ್ಟ ಹಾಸಿಗೆ ಹೊಲಿದ. ಸುತ್ತ ಎತ್ತರದ ಅಂಚು, ಮೇಲೆ ಹೊದಿಸಲು ಒಂದು ಮೆತ್ತನೆಯ ಮುಚ್ಚಿಗೆ. ಚಾರ್ಜಿಗೆ ಹಾಕಿದರೂ ಅದರೊಳಗೇ, ಕೇಳಿದರೂ ಅದರೊಳಗೇ. ಕೇಳಿ ಮುಗಿದ ಮೇಲೆ ಆಫ್ ಮಾಡುತ್ತಲೂ ಇರಲಿಲ್ಲ. ಮುಚ್ಚಳ ಮಡಚಿ, ಮುಚ್ಚಿಗೆ ಎಳೆದು, ಕೂಸನ್ನು ಮಲಗಿಸಿದ ಹಾಗೆ ಮಲಗಿಸುತ್ತಿದ್ದ.

ಒಂದು ರಜೆಯ ದಿನ, ಲ್ಯಾಪ್‌ಟಾಪ್ ಕೊಟ್ಟಿದ್ದ ನಾದಿನಿ ಬಂದಳು. ಕಂಪ್ಯೂಟರ್ ಕಲಿಸುವ ಕೆಲಸ ಅವಳದು. ಲ್ಯಾಪ್‌ಟಾಪಿನ ಫ್ಯಾನು ಕುಕ್ಕರಿನ ಹಾಗೆ ಸದ್ದು ಮಾಡುತ್ತಿರುವುದು ಕೇಳಿ ಕೈಯಿಟ್ಟು ನೋಡಿ, ಥಟ್ಟನೆ ಕೈ ತೆಗೆದಳು.

"ಭಾವ, ಇದೇನು ಲ್ಯಾಪ್‌ಟಾಪೋ, ಇಸ್ತ್ರಿ ಪೆಟ್ಟಿಗೆಯೋ? ಇದರ ಮೂಗು ಕೆಳಗಡೆ ಇದೆ. ನೀವು ಅದನ್ನ ಹತ್ತೀಲಿ ಹೂತಿಟ್ಟಿದ್ದೀರಿ."

"ಅಬ್ಬಾ, ಬಂದ್ರಪ್ಪಾ ಮೇಡಂ. ನಿನ್ನ ತೂಕದೋರು ಮಲಗೋ ಹಾಸಿಗೆ ಹೊಲಿಯೋನು ನಾನು. ಇಷ್ಟುದ್ದದ ಡಬ್ಬ ಮಲಗಿಸೋಕೆ ಬರಲ್ವಾ? ಕೆಲಸ ಮಾಡಿದ್ಮೇಲೆ ಬಿಸಿ ಆಗುತ್ತಮ್ಮ. ನಿಮ್ಮಕ್ಕನ ಮಷಿನ್ ಮೋಟರೂ ಬಿಸಿ ಆಗ್ತಿತ್ತು."

"ಆ ಮೋಟರಿಗೆ ನೀವು ಕಂಬಳಿ ಹೊದಿಸ್ತಿದ್ರಾ?"

"ನನ್ನ ಮೂಗಲ್ಲೂ ಸದಾ ಹತ್ತಿ ಇರುತ್ತೆ. ನಾನೇನು ಸತ್ತೋಗಿದ್ದೀನಾ?"

ಆ ಮಾತು ಬಿದ್ದದ್ದೇ ತಡ, ಇಬ್ಬರೂ ಬೇರೆ ಕಡೆ ನೋಡಿದರು. ನಾದಿನಿ ಮೆಲ್ಲಗೆ ತಿಳಿಸಿ ಹೇಳಿದಳು. ಒಳಗಿನ ಫ್ಯಾನು ಕೆಳಗಿನ ಕಿಂಡಿಯಿಂದ ತಣ್ಣನೆ ಗಾಳಿ ಎಳೆದುಕೊಂಡು, ಪಕ್ಕದ ಕಿಂಡಿಯಿಂದ ಬಿಸಿ ಗಾಳಿ ಬಿಡುತ್ತದೆ. ಮೆತ್ತನೆಯ ಜಾಗದಲ್ಲಿ ಇಟ್ಟರೆ ಕಿಂಡಿ ಮುಚ್ಚುತ್ತದೆ, ಎಳೆಎಳೆ ಹತ್ತಿಯೂ ಒಳಗೆ ಹೋಗುತ್ತದೆ. ಅಕ್ಕನ ಮಾತುಗಳಿಗೆ ಇನ್ನೊಂದು ಪ್ರತಿ ಮಾಡಿಡೋಣ, ನಮ್ಮ ಮನೆಗೆ ಒಯ್ಯುತ್ತೇನೆ, ಈಗಲೇ ಕೊಡಿ ಅಂದಳು. ಅದು ಮನೆ ಬಿಟ್ಟು ಹೋಗುವುದು ಅವನಿಗೆ ಇಷ್ಟವಾಗಲಿಲ್ಲ. ಮುಂದಿನ ಸಲ ನೋಡೋಣ ಅಂದ. ಅವಳು ಲ್ಯಾಪ್‌ಟಾಪನ್ನು ಹಲಗೆಯ ಮೇಲಿಟ್ಟು ಹೋದಳು. ಅವಳು ಬೀದಿಯ ತಿರುವು ದಾಟುವಷ್ಟರಲ್ಲಿ ಅದು ಮತ್ತೆ ಹಾಸಿಗೆ ಸೇರಿತು.

ಕೆಲವು ದಿನದ ಮೇಲೆ ಫ್ಯಾನಿನ ಸದ್ದು ನಿಂತಿತು. ಅವನು ಖುಷಿಯಾಗಿ ಫೋನು ಮಾಡಿ, ನಿನ್ನ ಡಬ್ಬ ಈಗ ತೆಪ್ಪಗಿದೆ ನೋಡು ಅಂದ. ಅವಳಿಗೆ ಗಾಬರಿಯಾಯಿತು. ಫ್ಯಾನು ಸಿಕ್ಕಿಕೊಂಡಿರಬೇಕು, ಆಫ್ ಮಾಡಿಡಿ, ನಾನು ಬರುವ ತನಕ ಮುಟ್ಟಬೇಡಿ ಅಂದಳು. ಹೂಂ ಅಂದ. ಮಧ್ಯಾಹ್ನವಾದಾಗ ಕೈ ಕೇಳಲಿಲ್ಲ. ಮಾತಿನ ನಡುವೆಯೇ ಅದು ತಾನಾಗಿ ಆರಿಹೋಗುತ್ತಿತ್ತು. ಇವನು ಮತ್ತೆ ಗುಂಡಿ ಒತ್ತುತ್ತಿದ್ದ, ಅದು ಮತ್ತೆ ಆರುತ್ತಿತ್ತು. ಪಾಪ, ದಣಿದಿದೆ ಅಂದುಕೊಂಡು ಮುಚ್ಚಿಗೆ ಎಳೆಯುತ್ತಿದ್ದ.

ಅಷ್ಟರಲ್ಲಿ ಮಗಳು ಅಮ್ಮನ ಮಷಿನ್ ಮುಂದೆ ಕೂರಲು ಶುರು ಮಾಡಿದ್ದಳು. ಒಂದು ದಿನ ಹಾಸಿಗೆಯ ಮೂಲೆ ಎಷ್ಟು ಬಿಚ್ಚಿ ಹೊಲಿದರೂ ಕೂರಲಿಲ್ಲ. ಸೂಜಿ ಕೆಳಗಿಟ್ಟು, ತಲೆ ಎತ್ತದೆ ಹೇಳಿದಳು. "ಅಪ್ಪಾ, ಅಮ್ಮನ್ನ ಹಾಕು. ಮೂಲೆದೂ ಹಾಕು, ನಂಗೆ ಅಂತ ಹೇಳಿದ್ದೂ ಹಾಕು."

ಈ ಮಾತಿಗೇ ಕಾಯುತ್ತಿದ್ದವನು ಅವನು. ಓಡಿಹೋಗಿ ತಂದ. ಆಗಲೇ ಕೇಳಿ ಮಲಗಿಸಿದ್ದರಿಂದ ತಳ ಸುಡುತ್ತಿತ್ತು. ಒತ್ತಿದ. ಪರದೆ ಬೆಳಗಿತು. ಒಳಗೆ ಕಟಕಟ ಅಂತ ಏನೋ ಬಡಿದುಕೊಂಡಿತು. ಪರದೆ ಕಪ್ಪಾಯಿತು. ಆಮೇಲೆ ಎಷ್ಟು ಒತ್ತಿದರೂ ಏನೂ ಬರಲಿಲ್ಲ. ಮಗಳು ಎದ್ದು ಹೋದಳು.

ನಾದಿನಿ ಬಂದ ಮೇಲೆ ಮೂವರೂ ರಿಪೇರಿ ಅಂಗಡಿಗೆ ಹೋದರು. ರಿಪೇರಿಯವನು ತಳದ ಸ್ಕ್ರೂ ಬಿಚ್ಚಿ, ಚಿಮಟದಲ್ಲಿ ಒಂದು ಉಂಡೆ ಎಳೆದು ಮೇಜಿನ ಮೇಲಿಟ್ಟ. ಅಪ್ಪ ಅದನ್ನು ಬೆರಳಲ್ಲಿ ಬಿಡಿಸಿ ನೋಡಿದ. ಬೇರೆ ಯಾರ ಹತ್ತಿಯೂ ಅಲ್ಲ, ಅವನೇ ಆರಿಸಿದ್ದು. ಬ್ಯಾಟರಿ, ಮಿತಿಮೀರಿ ತುಂಬಿದ ದಿಂಬಿನ ಹಾಗೆ ಉಬ್ಬಿತ್ತು. ಹೀಗೆ ಉಬ್ಬಿದ್ದು ಹೊತ್ತಿಕೊಳ್ಳಲೂಬಹುದಿತ್ತು, ಹತ್ತಿಯ ಮನೆ ಬೇರೆ, ಜೀವ ಉಳೀತು ಅಂದುಕೊಳ್ಳಿ ಅಂದ ರಿಪೇರಿಯವನು. ಮಾತುಗಳನ್ನು ಹಿಡಿದಿಟ್ಟಿದ್ದ ಡಿಸ್ಕು ಮತ್ತೆ ಮತ್ತೆ ಕಾದು, ನಡುವೆ ನಡುವೆ ನಿಂತು ಕೆಟ್ಟಿದೆ, ಬಂದಷ್ಟು ತೆಗೆದುಕೊಡುತ್ತೇನೆ ಅಂದ.

ಬಂದಷ್ಟು ಬಂತು. ಮೂಲೆ ಮಡಚುವುದು ಬಂತು, ಸೂಜಿಯ ವಿಷಯ ಬಂತು, ಗಂಡನಿಗೆ ಬೈದದ್ದೂ ಬಂತು. ಮಗಳಿಗೆ ಹೇಳಿದ್ದು ಬರಲಿಲ್ಲ.

ನಾನು ಮೊದಲೇ ಹೇಳಿರಲಿಲ್ವಾ ಅಂತ ನಾದಿನಿ ಅನ್ನಲಿಲ್ಲ. ಅವನೇ ಹೇಳಿಕೊಂಡ. "ಮಲಗಿಸ್ತಿದ್ದೀನಿ ಅಂದ್ಕೊಂಡೆ ಕಣಮ್ಮಾ. ಉಸಿರು ಕಟ್ಟಿಸ್ತಿದ್ದೆ."

ಉಳಿದ ಮಾತುಗಳನ್ನು ನಾದಿನಿ ಬೇರೆ ಬೇರೆ ಕಡೆ ಪ್ರತಿ ಮಾಡಿಟ್ಟಳು. ಒಂದು ಅವಳ ಮನೆಯಲ್ಲಿ, ಒಂದು ಮಗಳ ಫೋನಿನಲ್ಲಿ. ಬ್ಯಾಟರಿ, ಡಿಸ್ಕು ಬದಲಾಯಿಸಿದ ಲ್ಯಾಪ್‌ಟಾಪು ಈಗ ಹತ್ತಿ ಹಿಂಜುವ ಕೋಣೆಯಿಂದ ದೂರ, ಬರೀ ಹಲಗೆಯ ಮೇಲೆ ಇರುತ್ತದೆ. ಆ ಪುಟ್ಟ ಹಾಸಿಗೆಯನ್ನು ಅಪ್ಪ ತಾನೇ ಬಿಚ್ಚಿ ಹತ್ತಿ ತೆಗೆದ.

ಒಂದು ಸಂಜೆ ಮಗಳು ಕೇಳಿದಳು. "ಅಪ್ಪಾ, ನೀನು ದಿನಾ ಕೇಳ್ತಿದ್ಯಲ್ಲ. ನಂಗೆ ಏನು ಹೇಳಿದ್ಲು?"

ಅವನಿಗೆ ಎಲ್ಲ ಬಾಯಿಪಾಠವಾಗಿತ್ತು. ಗೋಡೆಗೆ ಒರಗಿ ಹೇಳಿದ. "ಕತ್ತಲಾದ್ಮೇಲೆ ಕಪ್ಪು ಬಟ್ಟೆ ಹೊಲೀಬೇಡ, ಕಣ್ಣು ಹಾಳಾಗುತ್ತೆ ಅಂದ್ಲು. ಊಟ ಆಯ್ತು ಅಂತ ಅಪ್ಪ ಸುಳ್ಳು ಹೇಳ್ತಾನೆ, ಪಾತ್ರೆ ಮುಚ್ಚಳ ತೆಗೆದು ನೋಡು ಅಂದ್ಲು. ಚಿಕ್ಕವಳಿದ್ದಾಗ ನೀನು ಹತ್ತಿ ರಾಶೀಲಿ ಬಚ್ಚಿಟ್ಕೊಳ್ತಿದ್ದೆ, ಸೀನಿ ಸೀನಿ ಸಿಕ್ಕಿಬೀಳ್ತಿದ್ದೆ ಅಂದ್ಲು. ಇಲ್ಲಿ ನಗ್ತಾಳೆ."

"ಹೇಗೆ ನಗ್ತಾಳೆ?"

ಅವನು ಬಾಯಿ ತೆರೆದ. ಮಾತೆಲ್ಲ ಹೇಳಬಲ್ಲವನಿಗೆ ಅದೊಂದನ್ನು ಹೇಳಲು ಬರಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಸಣ್ಣ ಲ್ಯಾಪ್‌ಟಾಪ್ ಇರಬಹುದು. ಎದ್ದು ಹೋಗಿ ನೋಡಿ, ಅದು ಹಾಸಿಗೆಯ ಮೇಲೋ ದಿಂಬಿನ ಮೇಲೋ ಇದ್ದರೆ ತೆಗೆದು ಗಟ್ಟಿಯಾದ ಸಮತಟ್ಟು ಜಾಗದಲ್ಲಿಡಿ. ನಡೆಯುತ್ತಿರುವಾಗ, ಚಾರ್ಜ್ ಆಗುತ್ತಿರುವಾಗ ಏನನ್ನೂ ಹೊದಿಸಬೇಡಿ. ಚೀಲಕ್ಕೆ ಹಾಕುವ ಮುಂಚೆ ಪೂರ್ತಿ ಆಫ್ ಮಾಡಿ. ಬಿಸಿಲಲ್ಲಿ ಬಿಡಬೇಡಿ. ತಣ್ಣಗಾಗಲಿ ಅಂತ ಒದ್ದೆ ಬಟ್ಟೆ ಸುತ್ತುವುದು, ಫ್ರಿಜ್ಜಿನಲ್ಲಿ ಇಡುವುದೂ ಬೇಡ. ಆಫ್ ಮಾಡಿ, ಗಾಳಿಯಾಡುವ ಕಡೆ ಬಿಟ್ಟರೆ ಸಾಕು. ಫ್ಯಾನು ಅರಚಿಕೊಂಡರೆ, ಇಲ್ಲವೇ ಮೈ ಸುಡುತ್ತಿದ್ದರೂ ಫ್ಯಾನು ಸುಮ್ಮನಿದ್ದರೆ, ಧೂಳು ತೆಗೆಸಿ. ಬ್ಯಾಟರಿ ಉಬ್ಬಿದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ತಿಳಿದವರಿಗೆ ತೋರಿಸಿ. ಮತ್ತೆ ಸಿಗದಂಥ ದನಿ, ಮುಖ ಅದರಲ್ಲಿದ್ದರೆ ಇನ್ನೊಂದು ಕಡೆಯೂ ಇಟ್ಟುಕೊಳ್ಳಿ. ನಾಳೆ ಮಾಡೋಣ ಅನ್ನಬೇಡಿ. ಈ ಕಾಗದ ಕೆಳಗಿಟ್ಟು, ಈಗಲೇ ಏಳಿ.