ಹೂಂರಾಯರು ಬಾಯಿ ಬಿಟ್ಟ ವಾರ

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವಳು ಫೋನೆತ್ತುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಆಫೀಸಿನಲ್ಲಿ ಎಲ್ಲರಿಗೂ ಅವಳು ಫೋನಕ್ಕ. ಊರಿನ ಯಾವ ಮೂಲೆಯಲ್ಲಿ ಲಿಫ್ಟ್ ಕೈಕೊಟ್ಟರೂ ಮೊದಲು ರಿಂಗಾಗುವುದು ಅವಳ ಮೇಜಿನ ಮೇಲೆ. ಆರನೇ ಮಹಡಿಯಲ್ಲಿ ಬಾಗಿಲು ಮುಚ್ಚುತ್ತಿಲ್ಲ ಎನ್ನುವವರು, ಮೂರಕ್ಕೂ ನಾಲ್ಕಕ್ಕೂ ನಡುವೆ ಸಿಕ್ಕಿಕೊಂಡು ಅಳುವವರು, ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹೋಯಿತೆಂದು ಶಾಪ ಹಾಕುವವರು, ಎಲ್ಲರನ್ನೂ ಅವಳು ಒಂದೇ ತಣ್ಣನೆಯ ದನಿಯಲ್ಲಿ ಸಮಾಧಾನ ಮಾಡುತ್ತಿದ್ದಳು. ಆಮೇಲೆ ಮೆಕ್ಯಾನಿಕ್ಕುಗಳಿಗೆ ಫೋನ್ ಮಾಡಿ ವಿಳಾಸ ಹೇಳುತ್ತಿದ್ದಳು.

ಆ ಮೆಕ್ಯಾನಿಕ್ಕುಗಳಲ್ಲಿ ಒಬ್ಬರ ಮೇಲೆ ಅವಳಿಗೆ ಮೊದಲಿನಿಂದಲೂ ಸಿಟ್ಟು. ಎಲ್ಲರಿಗಿಂತ ಹಿರಿಯರು, ಕೆಲಸದಲ್ಲಿ ಎತ್ತಿದ ಕೈ. ಆದರೆ ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿ ಹೋಗುತ್ತದೋ ಎಂಬಂಥ ಮನುಷ್ಯ. ಅವಳು ವಿಳಾಸ, ಮಹಡಿ, ದೂರು, ವಾಚ್‌ಮನ್ನಿನ ನಂಬರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರೆ ಆ ಕಡೆಯಿಂದ ಬರುತ್ತಿದ್ದುದು ಒಂದೇ ಒಂದು "ಹೂಂ". ಕೇಳಿಸಿತೋ ಇಲ್ಲವೋ, ಹೊರಟರೋ ಇಲ್ಲವೋ, ದೇವರಿಗೇ ಗೊತ್ತು. ಒಂದು ದಿನ ರೋಸಿಹೋಗಿ ಅವಳೇ ಅವರಿಗೆ ಹೂಂರಾಯರು ಎಂದು ಹೆಸರಿಟ್ಟಳು. ಎರಡೇ ದಿನದಲ್ಲಿ ಅದು ಗೋದಾಮಿನವರೆಗೂ ಹಬ್ಬಿತು. ಯಾರೋ ಕಿಡಿಗೇಡಿ ಅವರ ಟೂಲ್ ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದೂಬಿಟ್ಟ. ಅವರು ಅದನ್ನು ನೋಡಿದರು, "ಹೂಂ" ಎಂದರು, ಪೆಟ್ಟಿಗೆ ಎತ್ತಿಕೊಂಡು ಹೋದರು.

ಹೀಗಿರುವಾಗ ಹೊಸ ಮ್ಯಾನೇಜರಮ್ಮ ನೋಟಿಸ್ ಬೋರ್ಡಿಗೆ ಒಂದು ಕಾಗದ ಅಂಟಿಸಿದರು. ಎಲ್ಲರೂ ಒಂದು ದಿನ ಬೇರೊಬ್ಬರ ಜೊತೆ ಹೋಗಿ ಅವರ ಕೆಲಸ ನೋಡಬೇಕು. ಮಾರನೆಯ ದಿನ ಅವರು ಬಂದು ಇವರ ಕೆಲಸ ಮಾಡಿ ನೋಡಬೇಕು. ಜೋಡಿಗಳನ್ನು ಚೀಟಿ ಎತ್ತಿ ಆರಿಸಿಯಾಗಿತ್ತು. ತನ್ನ ಎದುರು ಯಾರಿದ್ದಾರೆಂದು ಓದಿದ ಫೋನಕ್ಕನ ಮುಖ ಹುಳ್ಳಗಾಯಿತು.

"ಮೇಡಂ, ನನಗೆ ಬೇರೆ ಯಾರನ್ನಾದ್ರೂ ಕೊಡಿ," ಎಂದು ಅವಳು ಮ್ಯಾನೇಜರಮ್ಮನ ಬಾಗಿಲಿಗೇ ಹೋದಳು. "ಅವರ ಜೊತೆ ಇಡೀ ದಿನ ಇರೋದೂ ಒಂದೇ, ಗೋಡೆ ಜೊತೆ ಇರೋದೂ ಒಂದೇ."

"ಹಾಗಾದ್ರೆ ನಿಮ್ಮ ಕಿವಿಗೆ ಒಂದಿನ ರಜ ಸಿಕ್ತು ಅಂದ್ಕೊಳ್ಳಿ," ಎಂದು ಮ್ಯಾನೇಜರಮ್ಮ ನಕ್ಕು ಕಳಿಸಿದರು.

ಗುರುವಾರ ಬೆಳಿಗ್ಗೆ ಫೋನಕ್ಕ ಕಂಪನಿಯ ವ್ಯಾನಿನಲ್ಲಿ ಹೂಂರಾಯರ ಪಕ್ಕ ಕೂತಳು. ಹವೆಯ ಬಗ್ಗೆ ಒಂದು ಮಾತು, ರಸ್ತೆಯ ಹೊಂಡಗಳ ಬಗ್ಗೆ ಒಂದು ಮಾತು, ಪೆಟ್ರೋಲಿನ ಬಗ್ಗೆ ಇನ್ನೊಂದು ಮಾತು ಎಸೆದು ನೋಡಿದಳು. ಮೂರೂ ಹೂಂಗೆ ಹೋಗಿ ಬಿದ್ದವು. ಮೂರನೇ ಸಿಗ್ನಲ್ ದಾಟುವಷ್ಟರಲ್ಲಿ ಕೈಚೆಲ್ಲಿ ಕಿಟಕಿಯಾಚೆ ನೋಡತೊಡಗಿದಳು.

ಮೊದಲ ಕೆಲಸ ಒಂಬತ್ತು ಮಹಡಿಯ ಒಂದು ಕಟ್ಟಡದಲ್ಲಿ. ಆ ವಿಳಾಸ ಅವಳಿಗೆ ಬಾಯಿಪಾಠ. ನಾಲ್ಕನೇ ಮಹಡಿಯಲ್ಲಿ ಬಾಗಿಲು ಮುಚ್ಚಿದ ಹಾಗೆ ಮಾಡಿ ಮತ್ತೆ ತೆರೆದುಕೊಳ್ಳುತ್ತದೆಂದು ವಾರಕ್ಕೆರಡು ಸಲ ಅಲ್ಲಿಂದ ಫೋನ್ ಬರುತ್ತಿತ್ತು. ಪ್ರತಿ ಸಲವೂ ಅವಳು "ಬಾಗಿಲು ತೊಂದರೆ" ಎಂದು ಎರಡೇ ಪದ ಬರೆದುಕೊಂಡು ಮುಂದೆ ಸಾಗಿಸುತ್ತಿದ್ದಳು. ಆ ಎರಡು ಪದಗಳ ಹಿಂದೆ ಏನಿದೆ ಎಂದು ಅವಳು ನೋಡಿದ್ದು ಅವತ್ತೇ ಮೊದಲು.

ಹೂಂರಾಯರು ಪೆಟ್ಟಿಗೆ ತೆರೆಯಲೇ ಇಲ್ಲ. ಬಾಗಿಲಿಗೆ ಅಂಗೈ ಒತ್ತಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ನಿಂತರು. ಬಾಗಿಲು ಜಾರಿತು, ನಿಂತಿತು, ಹಿಂದಕ್ಕೆ ಹೋಯಿತು. ಫೋನಕ್ಕ ಏನೋ ಕೇಳಲು ಬಾಯಿ ತೆರೆದಳು. ಅವರು ಇನ್ನೊಂದು ಕೈಯೆತ್ತಿ ತಡೆದರು. ನಾಲ್ಕು ಸಲ ಹಾಗೇ ಕೇಳಿದ ಮೇಲೆ ಮಂಡಿಯೂರಿ, ಹೊಸ್ತಿಲಿನಲ್ಲಿ ಬಾಗಿಲು ಓಡುವ ಸೀಳಿನೊಳಗೆ ತೆಳ್ಳಗಿನ ಕೊಕ್ಕೆ ಇಳಿಸಿ, ಒಂದು ಹೇರ್‌ಪಿನ್ನನ್ನೂ ಅದರ ಹಿಂದೆ ಅಡಗಿದ್ದ ಅರ್ಧ ಬಳೆಯನ್ನೂ ಎಳೆದು ತೆಗೆದರು.

"ಹೋದ ಸಲವೂ ಒಂದು ಪಿನ್ನು ತೆಗ್ದೆ, ಅಷ್ಟೇ ಅಂತ ಕೇಳಿಸಿತ್ತು," ಎಂದರು. "ಬಳೆ ತಪ್ಪಿಸ್ಕೊಂಡಿತ್ತು."

ಅವರ ಬಾಯಿಂದ ಒಟ್ಟಿಗೆ ಅಷ್ಟು ಪದಗಳು ಹೊರಬಿದ್ದದ್ದನ್ನು ಅವಳು ಕೇಳಿದ್ದೂ ಅದೇ ಮೊದಲು.

ಆಮೇಲೆ ಕಟ್ಟಡದ ತುತ್ತತುದಿಗೆ, ಮೆಷಿನ್ ರೂಮಿಗೆ ಕರೆದುಕೊಂಡು ಹೋದರು. ತಗ್ಗಿದ ಬಾಗಿಲು, ಬಿಸಿ ಧೂಳು, ಎಣ್ಣೆಯ ವಾಸನೆ. ನಡುವೆ ಒಂದು ದೊಡ್ಡ ಚಕ್ರ, ಅದರ ಮೇಲೆ ಹಾಯ್ದು ಕೆಳಗಿನ ಕತ್ತಲೆಗೆ ಇಳಿದ ಐದು ಉಕ್ಕಿನ ಹಗ್ಗ. ಕೆಳಗೆ ಯಾರೋ ಗುಂಡಿ ಒತ್ತಿದರು. ಟಕ್ ಎಂದು ಬ್ರೇಕು ಬಿಟ್ಟಿತು, ಚಕ್ರ ತಿರುಗಿತು. ಹನ್ನೊಂದು ವರ್ಷದಿಂದ ಯಾವುದರ ಬಗ್ಗೆ ಬೆಳಗಿನಿಂದ ಸಂಜೆವರೆಗೆ ಮಾತಾಡುತ್ತಿದ್ದಳೋ ಅದು ಅವಳ ಕಣ್ಣೆದುರು ಓಡುತ್ತಿತ್ತು. ಬೆಪ್ಪಾಗಿ ನಿಂತು ನೋಡಿದಳು.

ಮಧ್ಯಾಹ್ನ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಇಬ್ಬರೂ ಬುತ್ತಿ ಬಿಚ್ಚಿದರು.

"ನೀವು ಫೋನಲ್ಲಿ ಯಾಕೆ ಮಾತಾಡಲ್ಲ?" ಎಂದು ಅವಳು ನೇರವಾಗಿ ಕೇಳಿಯೇಬಿಟ್ಟಳು. "ಬೇಜಾರು ಮಾಡ್ಕೋಬೇಡಿ. ನನಗೆ ಮೈಯೆಲ್ಲ ಉರಿಯುತ್ತೆ."

ಅವರು ತುತ್ತು ನುಂಗಿ ಯೋಚಿಸಿದರು. "ನೀವು ಫೋನ್ ಮಾಡೋ ಹೊತ್ತಿಗೆ ನಾನು ಒಂದಲ್ಲ ಒಂದು ಲಿಫ್ಟಿನ ಕೆಳಗೋ ಮೇಲೋ ಇರ್ತೀನಿ ಮೇಡಂ. ಮೆಷಿನ್ನಿಗೆ ಎಲ್ಲಿ ನೋವಾಗ್ತಿದೆ ಅಂತ ಅದರ ಸದ್ದೇ ಹೇಳ್ಬೇಕು. ಅರ್ಧ ಕಿವಿ ನಿಮಗೆ, ಒಂದೂವರೆ ಕಿವಿ ಅದಕ್ಕೆ. ಮಾತಾಡಿದ್ರೆ ಎರಡೂ ಹೋಗುತ್ತೆ."

"ಹಾಗಂತ ಒಂದಿನ ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ವಲ್ಲ." ಅನ್ನ ಕಲಸುತ್ತ ಅವರೇ ಕೇಳಿದರು: "ಮನೇಲೂ ಹೀಗೇ ಮಾತಾಡ್ತೀರಾ?"

"ಮನೇಲಾ? ಮನೆ ಸೇರಿದ್ರೆ ನನ್ನ ಬಾಯಿಗೆ ಬೀಗ. ನಾನೊಂದು ಮಾತಾಡ್ಲಿ ಅಂತ ನಮ್ಮನೆಯವರು ಬೇಕಂತ್ಲೇ ಚಾವಿ ಕಳ್ಕೊಳ್ತಾರೆ, ಬೈಸ್ಕೊಳ್ಳೋಕೆ."

ಹೂಂರಾಯರು ನಕ್ಕರು. ನಗು ಮಾತ್ರ ಪೂರ್ತಿ ಬಾಯಿಯದೇ ಆಗಿತ್ತು, ಹಿಂದಿನ ಎರಡು ಬಂಗಾರದ ಹಲ್ಲು ಕಾಣುವ ಹಾಗೆ.

ಶುಕ್ರವಾರ ಅವರ ಸರದಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಫೋನಕ್ಕನ ಕುರ್ಚಿಯ ತುದಿಯಲ್ಲಿ ಕೂತರು. ಹೆಡ್‌ಫೋನನ್ನು ಹಾವು ಹಿಡಿದಂತೆ ಹಿಡಿದುಕೊಂಡರು. ಮೊದಲ ಫೋನ್ ಒಬ್ಬ ವಕೀಲರದ್ದು. ಅವರು ಐದು ನಿಮಿಷ ಬಡಬಡಿಸಿ ಉಸಿರು ತೆಗೆದುಕೊಳ್ಳಲು ನಿಂತಾಗ ಇವರು "ಹೂಂ" ಎಂದರು. ಆಮೇಲೆ ಬಂದ ಬೈಗುಳ ಪಕ್ಕದಲ್ಲಿದ್ದ ಫೋನಕ್ಕನಿಗೂ ಕೇಳಿಸಿತು. ಎರಡನೆಯವರೂ ಬೈದರು, ಮೂರನೆಯವರು ಫೋನ್ ಕುಕ್ಕಿದರು. ಹನ್ನೊಂದು ಗಂಟೆಗೆ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ದಿನಾ ಇಷ್ಟು ಬೈಸ್ಕೊಳ್ತೀರಾ?" ಎಂದು ಕೇಳಿದರು.

"ಇವತ್ತು ಕಡಿಮೆ. ಮಳೆ ಬಂದ ದಿನ ನೋಡ್ಬೇಕು."

"ನಾವು ತಡವಾಗಿ ಹೋದ್ರೆ ನಮಗೆ ಬೀಳಬೇಕಾದ ಬೈಗುಳ ಎಲ್ಲ ಇಲ್ಲೇ ಬಂದು ಬೀಳುತ್ತಾ?"

"ಮತ್ತಿನ್ನೆಲ್ಲಿ ಬೀಳುತ್ತೆ?"

ಅವರು ಎದ್ದು ಹೋಗಿ ಅವಳಿಗೊಂದು ಲೋಟ ನೀರು ತಂದಿಟ್ಟರು.

ಹನ್ನೆರಡರ ಹೊತ್ತಿಗೆ ಕೆಂಪು ದೀಪದ ಫೋನ್ ರಿಂಗಾಯಿತು; ಅಂದರೆ ಯಾರೋ ಲಿಫ್ಟಿನೊಳಗೇ ಸಿಕ್ಕಿಕೊಂಡಿದ್ದಾರೆ. ಅವರು ಹಲ್ಲಿನ ಡಾಕ್ಟರಮ್ಮ, ಏಳು ಮಹಡಿಯ ಕಟ್ಟಡದ ನಡುವೆಲ್ಲೋ ಒಬ್ಬರೇ ನಿಂತಿದ್ದರು. ಏದುಸಿರು ಬಿಡುತ್ತಿದ್ದರು. "ಗಾಳಿ ಇಲ್ಲ, ದೀಪ ಹೋಗಿದೆ, ಬೇಗ ಬನ್ನಿ, ನನಗೇನೋ ಆಗ್ತಿದೆ" ಎಂದು ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಫೋನಕ್ಕ ಇನ್ನೊಂದು ಫೋನಿನಲ್ಲಿ ಹತ್ತಿರದ ಮೆಕ್ಯಾನಿಕ್ಕನನ್ನು ಕಳಿಸಿ, ಹೆಡ್‌ಫೋನ್ ತೆಗೆದುಕೊಳ್ಳಲು ಕೈ ಚಾಚಿದಳು.

ಹೂಂರಾಯರು ಕೊಡಲಿಲ್ಲ. ಗಂಟಲು ಸರಿಮಾಡಿಕೊಂಡರು. ನೋಡನೋಡುತ್ತಿದ್ದಂತೆ ಬೇರೆಯದೇ ಒಬ್ಬ ಮನುಷ್ಯ ಆ ಕುರ್ಚಿಯಲ್ಲಿ ಕೂತಿದ್ದ.

"ಡಾಕ್ಟರಮ್ಮ, ಗಾಳಿಗೆ ಏನೂ ಕೊರತೆ ಇಲ್ಲ, ನಿಮ್ಮ ತಲೆ ಮೇಲೆ ಎರಡು ಕಡೆ ಕಿಂಡಿ ಇದೆ, ನಾನೇ ಹೋದ ತಿಂಗಳು ಒರೆಸಿ ಬಂದಿದ್ದೀನಿ! ಇಗೋ ನಮ್ಮವನು ಬೈಕು ಹತ್ತಿದ. ಮಾರ್ಕೆಟ್ಟಿನ ತಿರುವು ಬಂತು, ಎಡಕ್ಕೆ ವಾಲಿದ, ಎದುರಿಗೊಂದು ಲಾರಿ, ಜಾರಿಸಿದ ನೋಡಿ! ಗೇಟಿಗೆ ಬಂದ. ವಾಚ್‌ಮನ್ ಸಲಾಂ ಹೊಡೆದ, ಇವನಿಗೆ ತಿರುಗಿ ಹೊಡೆಯೋಕೆ ಪುರುಸೊತ್ತಿಲ್ಲ. ಮೊದಲ ಮಹಡಿ, ಎರಡನೇದು, ಹೊಟ್ಟೆ ಸ್ವಲ್ಪ ಜಾಸ್ತಿ ನಮ್ಮವನಿಗೆ, ಮೂರನೇದರಲ್ಲಿ ಒಂದು ಸಲ ನಿಂತ..."

ಆ ಕಡೆಯಿಂದ ಒಂದು ಸಣ್ಣ ನಗು ಕೇಳಿಸಿತು. ಅಕ್ಕಪಕ್ಕದ ಮೇಜಿನವರೆಲ್ಲ ಎದ್ದು ಬಂದು ಸುತ್ತ ನಿಂತರು. ಹೂಂರಾಯರಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು, ಕಾಣದ ಬೈಕನ್ನು ಕಂಡಂತೆ, ಒಂದೇ ಸಮನೆ ಹೇಳುತ್ತಿದ್ದರು. ನಡುವೆ ಒಮ್ಮೆಲೇ ನಿಲ್ಲಿಸಿ ತಲೆ ಓರೆ ಮಾಡಿದರು.

"ಕೇಳಿಸ್ತಾ, ಡಾಕ್ಟರಮ್ಮ? ಟಕ್ ಅಂತು. ನನಗೆ ಫೋನಿಂದಲೇ ಕೇಳಿಸ್ತು. ಅದು ಬ್ರೇಕು ಬಿಟ್ಟ ಸದ್ದು, ಹೆದರಬೇಡಿ. ಈಗ ಕೈಯಿಂದ ಚಕ್ರ ತಿರುಗಿಸ್ತಾನೆ. ನೀವು ಮೆಲ್ಲಗೆ ಮೇಲಕ್ಕೆ ಹೋಗ್ತೀರ. ಇನ್ನೊಂದು ಗೇಣು. ಇನ್ನು ನಾಲ್ಕು ಬೆರಳು. ನಿಂತ್ರಿ! ಈಗ ಬಾಗಿಲು ನೋಡಿ, ಬೆಳಕು ಬರುತ್ತೆ!"

ಬಂತು. ಡಾಕ್ಟರಮ್ಮ ಹೊರಗೆ ಕಾಲಿಟ್ಟು, ಫೋನಿಡುವ ಮೊದಲು, "ನಾನು ಜನರಿಗೆ ಹೆದರಬೇಡಿ ಅಂತ ಹೇಳೋದು ಇಷ್ಟು ಚೆನ್ನಾಗಿರಲ್ಲ ಸರ್, ನಿಮ್ಮ ಹತ್ರ ಕಲೀಬೇಕು," ಎಂದರು. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು. ಹೂಂರಾಯರು ಕಣ್ಣು ತೆರೆದು, ಅಷ್ಟು ಜನರನ್ನು ಕಂಡು ಕಿವಿಯವರೆಗೆ ಕೆಂಪಾದರು.

"ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ವರ್ಷ?" ಫೋನಕ್ಕ ಕೇಳಿದಳು.

"ಭಾನುವಾರ ಬೆಳಿಗ್ಗೆ ಬಸ್ ಡಿಪೋ ಹಿಂದಿನ ಮೈದಾನಕ್ಕೆ ಬನ್ನಿ," ಎಂದಷ್ಟೇ ಹೇಳಿ ಅವರು ಮತ್ತೆ ಬಾಯಿ ಹೊಲಿದುಕೊಂಡರು.

ಭಾನುವಾರ ಅವಳು ಮೈದಾನ ಹುಡುಕಬೇಕಾಗಲಿಲ್ಲ. ಎರಡು ಬೀದಿ ಆಚೆಯಿಂದಲೇ ಮೈಕಿನಲ್ಲಿ ಆ ದನಿ ಕೇಳಿಸುತ್ತಿತ್ತು. ಬೇಕರಿ ಕೆಲಸಗಾರರಿಗೂ ಬಸ್ ಡ್ರೈವರುಗಳಿಗೂ ಫುಟ್‌ಬಾಲ್. ಗೆರೆಯಾಚೆ ಒಂದು ಬೆಂಚು. ಅದರ ಮೇಲೆ ಹೂಂರಾಯರು, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ, ಅವರದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಇನ್ನೊಬ್ಬರು.

"ನಮ್ಮಣ್ಣ," ಎಂದರು ಹೂಂರಾಯರು, ಮೈಕಿಗೆ ಕೈ ಅಡ್ಡ ಹಿಡಿದು. "ಹದಿನೈದು ವರ್ಷ ಇದೇ ಮೈದಾನದಲ್ಲಿ ಗೋಲು ಕಾಯ್ತಿದ್ದ. ಆಮೇಲೆ ಕಾಯಿಲೆ ಬಂದು ಎರಡೂ ಕಣ್ಣು ಹೋಯ್ತು. ಮನೇಲಿ ಕೂತು ಕೂತು ಕೊರಗ್ತಿದ್ದ. ಕರ್ಕೊಂಡು ಬಂದು ಕಿವೀಲಿ ಆಟ ಹೇಳೋಕೆ ಶುರು ಮಾಡಿದೆ. ಹಿಂದಿನ ಸಾಲಿನವರು, ನಮಗೂ ಕೇಳಿಸಲಿ, ಜೋರಾಗಿ ಹೇಳಿ ಅಂದ್ರು. ಎಂಟು ವರ್ಷ ಆಯ್ತು."

ಅಣ್ಣ ಅವಳ ಹೆಜ್ಜೆ ಸದ್ದು ಬಂದ ಕಡೆಗೆ ಕೈ ಮುಗಿದರು. "ಬಾಮ್ಮ ತಂಗಿ, ಕೂತ್ಕೋ. ಇವನು ಕೆಲಸದಲ್ಲಿ ಮಾತೇ ಆಡಲ್ವಂತೆ? ಇಲ್ಲಿ ನನ್ನ ಕಿವಿ ತೂತು ಬೀಳಿಸ್ತಾನೆ."

ಅವಳು ಕೂತಳು. ಹೂಂರಾಯರು ಆಟವನ್ನು ಹೇಳುತ್ತಿದ್ದ ರೀತಿಗೆ ಅಣ್ಣನ ಕಾಲು ತಾನೇ ತಾನಾಗಿ ಆಡುತ್ತಿತ್ತು. ಚೆಂಡು ಗೋಲಿನ ಹತ್ತಿರ ಬಂದಾಗಲೆಲ್ಲ ಎರಡೂ ಕೈ ಮಂಡಿಯಿಂದ ಮೇಲೇಳುತ್ತಿದ್ದವು. ಅವಳು ಸ್ವಲ್ಪ ಹೊತ್ತು ಆಟ ಬಿಟ್ಟು ಆ ಕೈಗಳನ್ನೇ ನೋಡಿದಳು.

ಅರ್ಧ ಆಟ ಮುಗಿಯುವಷ್ಟರಲ್ಲಿ ಹೂಂರಾಯರ ದನಿ ಕೂತಿತು. ಶುಕ್ರವಾರದ ಫೋನುಗಳು ತಮ್ಮ ಪ್ರತಾಪ ತೋರಿಸಿದ್ದವು. ಎರಡನೇ ಅರ್ಧ ಶುರುವಾಗುತ್ತಲೇ ಅವರು ಮೈಕನ್ನು ಅವಳ ಕೈಗೆ ತುರುಕಿದರು.

"ಅಯ್ಯೋ, ನನಗೆ ಈ ಆಟದ ತಲೆಬುಡ ಗೊತ್ತಿಲ್ಲ!"

"ಕಾಣಿಸಿದ್ದನ್ನ ಹೇಳಿ, ಸಾಕು."

ಅವಳು ಎದ್ದು ನಿಂತಳು. ಬಾಯಿ ತೆರೆದ ಕೂಡಲೇ ಹನ್ನೊಂದು ವರ್ಷ ಪಳಗಿದ ಆ ತಣ್ಣನೆಯ ದನಿ ಮೈದಾನದ ಉದ್ದಗಲಕ್ಕೂ ಹರಡಿತು.

"ಹಳದಿ ಬನಿಯನ್ನಿನವರು ನಾಲ್ಕು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ, ದಯವಿಟ್ಟು ಗಾಬರಿಯಾಗಬೇಡಿ, ಎದ್ದೇಳ್ತಿದ್ದಾರೆ. ಚೆಂಡು ಎಲ್ಲಿ ಹೋಯ್ತು ನನಗೆ ಕಾಣಿಸ್ತಿಲ್ಲ. ಬಸ್ಸಿನವರ ಗೋಲು ಕಾಯೋರು ಕಂಬಕ್ಕೆ ಬೆನ್ನು ಉಜ್ಜಿಕೊಳ್ತಿದ್ದಾರೆ, ತುರಿಕೆ ಇರಬೇಕು. ಅವರ ಹೆಂಡತಿ ಅಂತ ಕಾಣುತ್ತೆ, ನೀಲಿ ಛತ್ರಿಯವರು, ಅಲ್ಲಿಂದಲೇ ಕಣ್ಣು ಬಿಟ್ಟು ಹೆದರಿಸ್ತಿದ್ದಾರೆ. ಉಜ್ಜೋದು ನಿಲ್ಲಿಸಿದರು. ಬೇಕರಿ ಯಜಮಾನರು ಚಪ್ಪಲಿ ಕಳಚಿ ಕೈಯಲ್ಲಿ ಹಿಡ್ಕೊಂಡಿದ್ದಾರೆ, ಯಾಕೆ ಅಂತ ಗೊತ್ತಿಲ್ಲ..."

ಮೈದಾನದ ಸುತ್ತ ನಗು ಎದ್ದಿತು. ಕಪ್ಪು ಕನ್ನಡಕದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆಯಬೇಕಾಯಿತು.

"ಲೋ, ಎಂಟು ವರ್ಷದಿಂದ ನೀನು ನನಗೆ ಬರೀ ಚೆಂಡು ತೋರಿಸಿದೆ ಕಣೋ," ಎಂದು ಅವರು ತಮ್ಮನ ಬೆನ್ನಿಗೆ ಗುದ್ದಿದರು. "ಇಷ್ಟೆಲ್ಲ ಜನ ಬರ್ತಾರೆ ಅಂತ ಒಂದಿನ ಹೇಳ್ಲಿಲ್ವಲ್ಲೋ! ತಂಗಿ, ನಿಲ್ಲಿಸಬೇಡ. ಆ ನೀಲಿ ಛತ್ರಿ ಏನ್ ಮಾಡ್ತಿದೆ?"

ಯಾರೋ ಹೂಂರಾಯರ ಕೈಗೆ ಚಹಾ ತಂದುಕೊಟ್ಟರು. ಅವರು ಬೆಂಚಿಗೆ ಒರಗಿ, ಕಾಲು ಚಾಚಿ, ಎಂಟು ವರ್ಷದಲ್ಲಿ ಮೊದಲ ಬಾರಿಗೆ ಒಂದೂ ಮಾತಾಡದೆ ಒಂದು ಆಟವನ್ನು ಸುಮ್ಮನೆ ಕೂತು ನೋಡಿದರು. ಅಷ್ಟರಲ್ಲಿ ಮೈದಾನದ ಆ ತುದಿಯಲ್ಲಿ ಭಾರೀ ಕೂಗೆದ್ದಿತು.

"ಗೋಲಾಯ್ತಾ? ಯಾರು ಹೊಡೆದಿದ್ದು ತಂಗಿ, ಯಾರು?" ಅಣ್ಣ ಅವಳ ಸೆರಗು ಜಗ್ಗಿದರು.

"ಇರಿ ಅಣ್ಣ, ವಿಚಾರಿಸಿ ಹೇಳ್ತೀನಿ," ಎಂದಳು ಫೋನಕ್ಕ ಮೈಕಿನಲ್ಲಿ. "ಗೋಲಿನೊಳಗೆ ಎರಡು ವಸ್ತು ಬಿದ್ದಿವೆ. ಒಂದು ಚೆಂಡು, ಒಂದು ಬೂಟು. ಯಾವುದು ಮೊದಲು ಒಳಗೆ ಹೋಯ್ತು ಅಂತ ರೆಫರಿ ತಲೆ ಕೆರ್ಕೊಳ್ತಿದ್ದಾರೆ. ದಯವಿಟ್ಟು ಎಲ್ಲರೂ ಒಂದೆರಡು ನಿಮಿಷ ತಾಳ್ಮೆಯಿಂದಿರಿ."